ಖಾಲಿ ಸೀಟಿನ ಮೇಲೆ ಟವೆಲ್

ಆ ವಿಮಾನ ಕಂಪನಿಯ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಮನೆಯಲ್ಲಿ ಎಲ್ಲರೂ ಸಾಕು ಬಿಡು ಎನ್ನುತ್ತಾರೆ. ಅವರ ಕಾಲುಗಳು ಗಟ್ಟಿಯಾಗಿವೆ, ಅವರು ಬಿಡಬಹುದು.

ಕಾಲು ನನ್ನ ಅಕ್ಕನದು. ಅವಳನ್ನು ಕನಕಗಿರಿಗೆ ಕೊಟ್ಟಿದ್ದೇವೆ. ಹೊಲದಿಂದ ಬರುವಾಗ ಟ್ರ್ಯಾಕ್ಟರಿನ ಟ್ರೇಲರ್ ಮೇಲಿಂದ ಬಿದ್ದು ಬಲಗಾಲು ಮುರಿದುಕೊಂಡಳು. ಗಂಗಾವತಿಯ ಡಾಕ್ಟರು ನೋಡಿದವರೇ ಹೈದರಾಬಾದಿಗೆ ಒಯ್ಯಿರಿ ಎಂದರು. ಅಲ್ಲಿ ರಾಡ್ ಹಾಕಿದರು. ಎಲುಬು ಕೂಡಿತು, ಆದರೆ ಮೊಳಕಾಲು ಮಡಚಲಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಕರೆತಂದರೆ ಒಂದಿಷ್ಟೊಂದಿಷ್ಟೇ ಮಡಚಿಸಬಹುದು, ನಡುವೆ ಬಿಟ್ಟರೆ ಕಾಲು ಕಟ್ಟಿಗೆಯಾಗಿ ನಿಲ್ಲುತ್ತದೆ ಎಂದು ಆ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಅಕ್ಕನಿಗೆ ದೊಡ್ಡ ಆಸೆಯೇನೂ ಇರಲಿಲ್ಲ. ನಾಲ್ಕು ಮಂದಿಯ ಹಾಗೆ ನೆಲದ ಮೇಲೆ ಕೂಡುವಂತಾದರೆ ಸಾಕು ಎನ್ನುತ್ತಿದ್ದಳು.

ಟಿಕೆಟ್ ಮಾಡಿಸುವ ಕೆಲಸ ನನ್ನದು. ಯಲಬುರ್ಗಾದ ತಾಲೂಕು ಕಚೇರಿಯಲ್ಲಿ ನೌಕರಿ ಮಾಡುವವಳು, ಮೊಬೈಲಿನಲ್ಲಿ ಎಲ್ಲ ಬರುತ್ತದೆ ಎಂದು ಮನೆಯವರ ನಂಬಿಕೆ. ಬಸ್ಸಿನ ಕುಲುಕಾಟಕ್ಕೆ ಅಕ್ಕ ಹಲ್ಲು ಕಚ್ಚಿ ಅಳುವುದನ್ನು ನೋಡಲಾರದೆ ನಾನೇ ವಿಮಾನ ಎಂದೆ. ಆಗ ನಮ್ಮ ಕಡೆಯಿಂದ ಹೈದರಾಬಾದಿಗೆ ಹೋಗುತ್ತಿದ್ದದ್ದು ರೆಕ್ಕೆಗೆ ಫ್ಯಾನ್ ಕಟ್ಟಿದಂಥ ಸಣ್ಣ ವಿಮಾನ. ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು, ಆದರೆ ಕಾಲಿಗೆ ಜಾಗ ಇತ್ತು. ಅಕ್ಕ ಕಾಲು ಓರೆಯಾಗಿ ಚಾಚಿ, ಕೆಳಗೆ ಚೀಲವಿಟ್ಟು, ಕಣ್ಣು ಮುಚ್ಚುವಷ್ಟರಲ್ಲಿ ಊರು ಬರುತ್ತಿತ್ತು. ಹಾಗೆ ಕೆಲವು ತಿಂಗಳು ನಡೆಯಿತು. ಮೊಳಕಾಲು ಸ್ವಲ್ಪ ಬಾಗತೊಡಗಿತ್ತು. ಅದನ್ನು ನೋಡಲು ಕನಕಗಿರಿಯ ಓಣಿಯವರೆಲ್ಲ ಬಂದಿದ್ದರು.

ಆಮೇಲೆ ಕಂಪನಿ ಆ ಸಣ್ಣ ವಿಮಾನ ತೆಗೆಯಿತು. ನಮಗೆ ಯಾರೂ ಹೇಳಲಿಲ್ಲ. ಟಿಕೆಟ್ಟಿನಲ್ಲಿ ಊರು, ಹೊತ್ತು, ಹೆಸರು ಎಲ್ಲ ಮೊದಲಿನಂತೆಯೇ ಇದ್ದವು. ನಿಲ್ದಾಣಕ್ಕೆ ಹೋಗಿ ನೋಡಿದರೆ ಉದ್ದಾನುದ್ದದ ದೊಡ್ಡ ವಿಮಾನ ನಿಂತಿತ್ತು. ಅಕ್ಕನ ಗಂಡ, ನಾವು ಮಾಮಾ ಎಂದು ಕರೆಯುವವರು, ದೊಡ್ಡದು ಬಂದಿದೆ, ಇನ್ನೂ ಆರಾಮ ಎಂದು ಖುಷಿಪಟ್ಟರು. ನಾನೂ ಹಾಗೇ ಅಂದುಕೊಂಡೆ.

ಇಲ್ಲಿ ನಮ್ಮ ಬಸ್ಸಿನ ವಿಷಯ ಹೇಳಬೇಕು. ನಾನು ದಿನಾ ಕೊಪ್ಪಳದಿಂದ ಯಲಬುರ್ಗಾಕ್ಕೆ ಓಡಾಡುವವಳು. ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ ಗಂಡಸರು ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಒಗೆಯುತ್ತಾರೆ. ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಎಷ್ಟೇ ಗದ್ದಲವಿದ್ದರೂ ಇನ್ನೊಬ್ಬರು ಅದನ್ನು ಎತ್ತುವುದಿಲ್ಲ. ಎತ್ತಿದ್ದಕ್ಕೆ ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ತಲೆ ಒಡೆದದ್ದೂ ಉಂಟು. ಮಾಮಾ ಹುಟ್ಟಿದಾಗಿನಿಂದ ಈ ಕಾನೂನಿನಲ್ಲಿ ಬೆಳೆದವರು. ಅಕ್ಕನ ಗಾಲಿಕುರ್ಚಿ ಇನ್ನೂ ಇಳಿಜಾರಿನಲ್ಲಿ ಮೇಲೆ ಬರುತ್ತಿರುವಾಗಲೇ ಅವರು ಮುಂದೆ ಓಡಿ ಒಳಗೆ ಹೋದರು. ಬಾಗಿಲ ಪಕ್ಕದ ಮೊದಲ ಸಾಲು ಪೂರ್ತಿ ಖಾಲಿ. ಮುಂದೆ ಕಾಲು ಚಾಚಲು ಬೇಕಾದಷ್ಟು ಜಾಗ. ಮಾಮಾ ಹೆಗಲ ಮೇಲಿನ ಟವೆಲ್ ತೆಗೆದು ಅಲ್ಲಿ ಹಾಸಿದರು, ಅಕ್ಕನನ್ನು ತಂದು ಅದರ ಪಕ್ಕದಲ್ಲಿ ಕೂಡಿಸಿದರು.

ಗಗನಸಖಿ ಬಂದು ಬೋರ್ಡಿಂಗ್ ಪಾಸ್ ನೋಡಿದಳು. ನಮ್ಮ ಸೀಟುಗಳು ಬಹಳ ಹಿಂದೆ ಇದ್ದವು. ಮೊದಲ ಸಾಲಿಗೆ ಬೇರೆ ದರ, ಅದನ್ನು ಕೊಂಡವರಷ್ಟೇ ಕೂಡಬೇಕು ಎಂದು ಹಿಂದಿಯಲ್ಲಿ ಹೇಳಿದಳು. ಆಮೇಲೆ ಎರಡು ಬೆರಳಿನಲ್ಲಿ ಟವೆಲ್ ಎತ್ತಿ ಮಾಮಾನ ಕೈಗೆ ಕೊಟ್ಟಳು.

"ಟವೆಲ್ ಹಾಕೀನಿ ತಂಗೆವ್ವ, ಕಾಣಸೂದಿಲ್ಲೇನು? ಯಾರೂ ಇಲ್ಲದ ಸೀಟು ಐತಿ," ಎಂದರು ಮಾಮಾ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಆಗುತ್ತಿದ್ದದ್ದು ಅದೇ.

ನಾನು ಜಗಳಕ್ಕೆ ನಿಂತೆ. ಕಾಲು ತೋರಿಸಿದೆ, ಡಾಕ್ಟರ ಹೆಸರು ಹೇಳಿದೆ, ಈಗಲೇ ಬೇಕಾದ ದರ ತಗೊಳ್ಳಿ ಎಂದೆ. ಹತ್ತುವ ಮೊದಲು ಕೌಂಟರಿನಲ್ಲಿ ಕೇಳಬೇಕಿತ್ತಂತೆ, ಇಲ್ಲಿ ಮಾರುವ ಅಧಿಕಾರ ಅವಳಿಗಿಲ್ಲವಂತೆ. ಸುಮ್ಮನೆ ಕೂಡಿಸಿದರೆ ಕೊಂಡವರಿಗೆ ಅನ್ಯಾಯವಂತೆ. ಕೊಂಡವರು ಯಾರು, ತೋರಿಸು ಎಂದೆ. ಯಾರೂ ಇರಲಿಲ್ಲ. ಅಷ್ಟರಲ್ಲಿ ಹಿಂದೆ ನಿಂತವರು ತಡವಾಗುತ್ತದೆ ಎಂದು ಗೊಣಗತೊಡಗಿದರು. ಅಕ್ಕನಿಗೆ ನಾಚಿಕೆಯಾಯಿತು, ತಾನೇ ಎದ್ದಳು. ಸೀಟಿನ ಬೆನ್ನುಗಳನ್ನು ಹಿಡಿದು ಹಿಡಿದು ಅವಳು ಹಿಂದಕ್ಕೆ ನಡೆದದ್ದನ್ನು ನಾನು ಮರೆತಿಲ್ಲ.

ಅವಳ ಸೀಟಿನ ಮುಂದೆ ಆರೋಗ್ಯವಂತ ಮನುಷ್ಯನ ಮೊಳಕಾಲಿಗೇ ಜಾಗ ಇರಲಿಲ್ಲ. ಹಲಗೆಯಂಥ ತೆಳು ಬೆನ್ನು, ಹಿಂದೆ ಬಾಗುವುದೂ ಇಲ್ಲ. ಅಕ್ಕನನ್ನು ಅಂಚಿಗೆ ಕೂಡಿಸಿ ಕಾಲನ್ನು ನಡುದಾರಿಗೆ ಚಾಚಿಸಿದೆವು. ವಿಮಾನ ಏರುವಾಗ ಕಾಲು ಒಳಗೆ ತಗೊಳ್ಳಿ ಎಂದರು, ಇಳಿಯುವಾಗ ಒಳಗೆ ತಗೊಳ್ಳಿ ಎಂದರು, ನಡುವೆ ಚಹಾ ಮಾರುವ ಗಾಡಿ ಬಂದಾಗಲೆಲ್ಲ ಒಳಗೆ ತಗೊಳ್ಳಿ ಎಂದರು. ಪ್ರತಿ ಸಲವೂ ನಾನು ಎರಡೂ ಕೈಯಲ್ಲಿ ಅವಳ ಕಾಲನ್ನು ಎತ್ತಿ ಒಳಗೆ ತುರುಕಬೇಕು, ಅವಳು ಸೆರಗನ್ನು ಬಾಯಿಗೆ ಒತ್ತಿಕೊಳ್ಳಬೇಕು. ಮೊದಲ ಸಾಲು ಹೈದರಾಬಾದಿನವರೆಗೂ ಖಾಲಿಯೇ ಹೋಯಿತು.

ಆ ಕಡೆಯ ಸೀಟಿನಲ್ಲಿ ಕೋಟು ಹಾಕಿದ ಒಬ್ಬ ಸದ್ಗೃಹಸ್ಥ ಇದ್ದ. ಷೇರು ವ್ಯವಹಾರದವನಂತೆ. ನನ್ನ ಮುಖ ನೋಡಿ ಬುದ್ಧಿ ಹೇಳಲು ಶುರುಮಾಡಿದ. ಕಂಪನಿಗಳು ಒಂದೇ ನಮೂನೆಯ ವಿಮಾನ ಇಟ್ಟುಕೊಂಡರೆ ಬಿಡಿಭಾಗ, ಪೈಲಟ್, ರಿಪೇರಿ ಎಲ್ಲ ಅಗ್ಗವಂತೆ. ಒಂದೆರಡು ಸಾಲು ಹೆಚ್ಚು ತುರುಕಿದರೆ ಅದೇ ಲಾಭವಂತೆ. ಖಾಲಿ ಸೀಟನ್ನು ಪುಕ್ಕಟೆ ಕೊಟ್ಟರೆ ನಾಳೆ ಯಾರೂ ಕೊಳ್ಳುವುದಿಲ್ಲವಂತೆ. ಬಹಳ ಜಾಣ ಲೆಕ್ಕ ಎಂದು ತಾನೇ ಮಾಡಿದವನ ಹಾಗೆ ನಕ್ಕ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಹನುಮಸಾಗರದ ದಾರಿಯ ಟಂಟಂ ಆಟೋದವರೂ ಲಾಭಕ್ಕೇ ಓಡಿಸುತ್ತಾರೆ, ಮಂದಿಯನ್ನು ಕುರಿ ತುಂಬಿದಂತೆ ತುಂಬುತ್ತಾರೆ. ಆದರೂ ಕಾಲು ಮುರಿದವಳು ಬಂದರೆ ಡ್ರೈವರ್ ಎರಡು ಬೈದು, ಒಬ್ಬನನ್ನು ಹಿಂದೆ ನೇತುಹಾಕಿ, ಅವಳಿಗೆ ಜಾಗ ಮಾಡುತ್ತಾನೆ. ಇದನ್ನೇ ಅವನಿಗೆ ಹೇಳಿದೆ. ಅವನು ಫೋನಿನಲ್ಲಿ ಏನೋ ನೋಡತೊಡಗಿದ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕನ ಮೊಳಕಾಲು ಬಾತಿತ್ತು. ಡಾಕ್ಟರು ಮುಟ್ಟಿ ನೋಡಿ, ಈ ಸಲ ಮಡಚಿಸಲು ಆಗುವುದಿಲ್ಲ, ಬಾವು ಇಳಿಸಿಕೊಂಡು ಮುಂದಿನ ತಿಂಗಳು ಬನ್ನಿ ಎಂದರು. ಕಾಲು ಮೊದಲಿಗಿಂತ ಬಿಗಿಯಾಗಿದೆ ಎಂದೂ ಹೇಳಿದರು. ಮಾಮಾ ಅಂದಿನಿಂದ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಟವೆಲ್ ಎತ್ತಿಸಿಕೊಂಡ ಅವಮಾನವೂ ಅದರಲ್ಲಿ ಇತ್ತು.

ನಾನು ಕಂಪನಿಗೆ ಶಾಪ ಹಾಕುತ್ತ ಓಡಾಡಿದೆ. ಶಾಪ ಬೇಗ ಹತ್ತಿತು. ಸಣ್ಣ ವಿಮಾನ ತುಂಬುವಷ್ಟು ಮಂದಿ ನಮ್ಮ ಕಡೆ ಇದ್ದರು, ಅಷ್ಟು ದೊಡ್ಡದನ್ನು ತುಂಬಲು ಎಲ್ಲಿಂದ ಬರಬೇಕು? ಅರ್ಧ ಖಾಲಿ ಹಾರುತ್ತಿದ್ದ ವಿಮಾನವನ್ನು ಕಂಪನಿ ನಿಲ್ಲಿಸಿಯೇಬಿಟ್ಟಿತು. ಪ್ರಯಾಣಿಕರ ಕೊರತೆ ಎಂದು ಪೇಪರಿನಲ್ಲಿ ಬಂತು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಕಚೇರಿಯಲ್ಲಿ ಕೆಲವರು ಮರುಗಿದರು, ನಮ್ಮ ಜಿಲ್ಲೆಯವರಿಗೆ ವಿಮಾನ ಹತ್ತುವ ಯೋಗ್ಯತೆ ಇಲ್ಲ ಎಂದು ಒಬ್ಬ ಸಾಹೇಬರು ಅಂದರು. ನನಗೆ ಮಾತ್ರ ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನ. ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿ ಹಂಚಿದೆ. ಹಾಗೆಯೇ ಎದ್ದು ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ನಿನ್ನ ಸಿಟ್ಟು ತೀರಿತಲ್ಲ, ಛಲೋ ಆತು," ಎಂದಳು. "ಆದ್ರ ತಂಗಿ, ಮುಂದಿನ ತಿಂಗಳು ನನ್ನ ಹೆಂಗ ಒಯ್ತೀರಿ?"

ಬಸ್ಸಿನಲ್ಲಿ ಒಯ್ದೆವು. ದಾರಿಯುದ್ದಕ್ಕೂ ಅವಳು ಅಳುತ್ತ ಹೋದಳು, ಅಳುತ್ತ ಬಂದಳು. ಅದರ ಮುಂದಿನ ತಿಂಗಳು ಬರುವುದಿಲ್ಲ ಎಂದು ಹಟ ಹಿಡಿದಳು. ಮಾಮಾ ಬೈದರು, ನಾನು ಕೈಮುಗಿದೆ, ಅವಳು ಮಂಚದಿಂದ ಏಳಲಿಲ್ಲ. ಕಾಲು ಹಾಗೇ ನಿಂತಿತು. ಆ ಕಂಪನಿ ಈಗ ಒಳ್ಳೆಯ ಲಾಭದಲ್ಲಿದೆಯಂತೆ.