ಮೂಗು ಕಳೆದುಕೊಂಡ ಗ್ಯಾಸ್ ಮೇಸ್ತ್ರಿ

ಎಂಟನೇ ಕಿಲೋಮೀಟರ್ ಬಡಾವಣೆಯ ಸುಲೇಮಾ ಓಯಾರ್ಸೊ ಅವರ ಮೂಗು ಚೆನ್ನಾಗಿದೆ. ಯಾವತ್ತೂ ಚೆನ್ನಾಗಿಯೇ ಇತ್ತು. ಇದನ್ನು ಹೇಳಿಯೇ ಮುಂದಕ್ಕೆ ಹೋಗಬೇಕು. ಯಾಕೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಬೆಳಗಿನ ಎಂಟೂವರೆಯಾದರೂ ಕತ್ತಲೆ ಕರಗಿಲ್ಲ. ಭೂಗೋಳದ ದಕ್ಷಿಣ ತುದಿಯ ಈ ಕೊಮೊಡೊರೊ ಊರಿಗೆ ಜೂನ್ ಎಂದರೆ ನಡುಚಳಿಗಾಲ, ಸೂರ್ಯ ಸೋಮಾರಿ, ಗಾಳಿಗೆ ಮಾತ್ರ ರಜೆ ಎಂಬುದೇ ಇಲ್ಲ. ಸುಲೇಮಾ ಅವರ ತಗಡಿನ ಗೇಟು ಅದರ ಹೊಡೆತಕ್ಕೆ ಲಟಲಟ ಬಡಿದುಕೊಳ್ಳುತ್ತಿದೆ. ಗೇಟಿನ ಮುಂದೆ ಒಂದು ಹಳೆಯ ಪಿಕಪ್ ವ್ಯಾನು ಬಂದು ನಿಂತು ಬಹಳ ಹೊತ್ತಾಯಿತು. ಎಂಜಿನ್ ಆರಿದೆ, ದೀಪ ಆರಿದೆ, ಒಳಗಿನ ಮನುಷ್ಯ ಮಾತ್ರ ಇಳಿಯುತ್ತಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಬೆಳಕಿರುವ ಅಡುಗೆಮನೆ ಕಿಟಕಿಯನ್ನೇ ನೋಡುತ್ತ ಕೂತಿದ್ದಾರೆ.

ಅವರು ನೊಲ್ಬೆರ್ತೊ ಬಾರಿಯಾ, ವಯಸ್ಸು ಅರವತ್ತೊಂದು. ಗೋಡೆಗೆ ಗ್ಯಾಸ್ ಬಾಯ್ಲರ್ ಕೂರಿಸುವುದು, ಕೂರಿಸಿದ್ದನ್ನು ವರ್ಷಕ್ಕೊಮ್ಮೆ ಬಿಚ್ಚಿ, ಉಜ್ಜಿ, ಮತ್ತೆ ಮುಚ್ಚುವುದು ಅವರ ಕಸುಬು. ಊರಿನ ಅರ್ಧ ಮನೆಗಳ ರೇಡಿಯೇಟರಿನಲ್ಲಿ ಬಿಸಿನೀರು ಹರಿಯುವುದು ಇಂಥವರ ಕೈಗುಣದಿಂದ. ಆದರೆ ಮನೆ ಬೆಚ್ಚಗಿರುವವರೆಗೆ ಬಾಯ್ಲರ್ ಯಾರಿಗೆ ನೆನಪಾಗುತ್ತದೆ? ಕೆಟ್ಟು ನಿಂತ ದಿನ ಮಾತ್ರ ಎಲ್ಲರಿಗೂ ದೋನ್ ನೊಲ್ಬೆರ್ತೊ, ಅಂದರೆ ನೊಲ್ಬೆರ್ತೊ ಸಾಹೇಬರು ಬೇಕು, ಅದೂ ಈಗಿಂದೀಗಲೇ.

ಚಳಿಗಾಲದಲ್ಲಿ ದಿನಕ್ಕೆ ನಾಲ್ಕೈದು ಮನೆ. ಹೊಸದು ಕೂರಿಸುವುದಾದರೆ ಇಡೀ ದಿನ ಒಂದೇ ಮನೆ. ಒಂದು ಅಕ್ಕಿ ಮೂಟೆಗಿಂತ ಭಾರದ ಡಬ್ಬವನ್ನು ಎದೆಗವಚಿಕೊಂಡು ಏಣಿ ಹತ್ತಿ ಕೊಂಡಿಗೆ ಸಿಕ್ಕಿಸಬೇಕು. ಮಂಡಿ ಸವೆದಿದೆ, ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳಿವೆ. ಪತ್ರಿಕೆಯವರು ಅದರ ಬಗ್ಗೆ ಕೇಳಿದರೆ ಅವರು ನಗುತ್ತಾರೆ. "ಮಂಡಿ ಹೋದ್ರೆ ಕುಂಟ್ಕೊಂಡಾದ್ರೂ ಕೆಲಸ ಮಾಡಬಹುದು. ಅದರಲ್ಲಿ ಮುಚ್ಚಿಡೋಂಥದ್ದು ಏನಿಲ್ಲ," ಎನ್ನುತ್ತಾರೆ. ಮುಚ್ಚಿಟ್ಟದ್ದು ಬೇರೆಯೇ ಇದೆ. ಇವತ್ತು ಈ ಗೇಟಿನ ಮುಂದೆ ಕಾಲು ಏಳದಂತೆ ಮಾಡಿರುವುದು ಅದೇ.

ಈ ಊರಿನಲ್ಲಿ ನೊಲ್ಬೆರ್ತೊ ಅವರಿಗೆ ಇನ್ನೊಂದು ಹೆಸರಿದೆ: ಸಬುಯೆಸೊ, ಅಂದರೆ ಬೇಟೆನಾಯಿ. ಹೊಸ್ತಿಲು ದಾಟಿದ ಕೂಡಲೇ ತಲೆ ಎತ್ತಿ, ಜೋರಾಗಿ ಎರಡು ಸಲ ಮೂಸಿ, "ಒಲೆ ಹಿಂದೆ, ಎರಡನೇ ತಿರುವು," ಎಂದು ಹೇಳಿಬಿಡುತ್ತಿದ್ದರು. ಹೋಗಿ ನೋಡಿದರೆ ಅಲ್ಲೇ ಸೋರುತ್ತಿರಬೇಕು. ಊರಾಚೆಯ ಪೆಟ್ರೋಲು ತೆಗೆಯುವ ಎಣ್ಣೆಬಾವಿಯ ಹುಡುಗರು ಒಮ್ಮೆ ಪಂದ್ಯ ಕಟ್ಟಿ, ಯಾರದೋ ಮನೆಯಲ್ಲಿ ಒಂದು ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸಿ ಇವರನ್ನು ಕರೆಸಿದ್ದರು. ಬಾಗಿಲಲ್ಲೇ ನಿಂತು ಸೋರುವ ಜಾಗ ಹೇಳಿದ ನೊಲ್ಬೆರ್ತೊ ಕೆಂಡದ ಮೇಲೆ ಸುಟ್ಟ ಕುರಿತೊಡೆಯನ್ನು ಗೆದ್ದುಕೊಂಡು ಮನೆಗೆ ಹೋದರು. ಸೋರಿಕೆ ತೋರಿಸುವ ಮುಳ್ಳಿನ ಮಾಪಕ ಹಿಡಿದು ಓಡಾಡುವ ಕಿರಿಯ ಮೇಸ್ತ್ರಿಗಳನ್ನು ಕಂಡರೆ ಅವರಿಗೆ ತಮಾಷೆ. "ಆ ಗಡಿಯಾರ ಇರೋದು ಮೂಗಿಲ್ದೋರಿಗೆ ಕಣಯ್ಯಾ," ಎಂದು ಅಂಗಡಿಯಲ್ಲಿ ಎಲ್ಲರೆದುರು ಕಿಚಾಯಿಸುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಜ್ವರ ಬಂತು. ಊರಿಗೆಲ್ಲ ಬಂದಿತ್ತು, ಇವರಿಗೂ ಬಂತು. ಜ್ವರದ ಜೊತೆಗೆ ವಾಸನೆಯೂ ಹೋಯಿತು. ಮಿಕ್ಕವರಿಗೆಲ್ಲ ತಿಂಗಳೊಪ್ಪತ್ತಿನಲ್ಲಿ ವಾಪಸು ಬಂದರೂ ಇವರಿಗೆ ಬರಲಿಲ್ಲ. ಬೆಳಗ್ಗೆ ಎದ್ದು ಕಾಫಿಪುಡಿ ಡಬ್ಬಿಗೆ ಮೂಗು ತೂರಿಸಿ ನಿಲ್ಲುತ್ತಿದ್ದರು. ಸೀಮೆಎಣ್ಣೆ, ವಿನೆಗರ್, ತಮ್ಮದೇ ಬೆವರಿನ ಅಂಗಿ, ಯಾವುದರ ವಾಸನೆಯೂ ಇಲ್ಲ. ಹೆಂಡತಿ ಎರ್ಸಿಲಿಯಾಗೂ ಹೇಳಲಿಲ್ಲ. ಆಕೆಗೆ ಹೇಳಬೇಕಾಗಿಯೂ ಇರಲಿಲ್ಲ. "ತಳ ಹಿಡಿದ ಸಾರು ಬಡಿಸಿದ್ದೆ. ಪರಿಮಳ ಘಮ್ಮಂತಿದೆ ಅಂದ್ರು. ನಲವತ್ತು ವರ್ಷದಲ್ಲಿ ನನ್ನ ಅಡುಗೆ ಹೊಗಳಿದ್ದು ಅವತ್ತೇ. ಆಗಲೇ ಗೊತ್ತಾಯ್ತು, ಏನೋ ಎಡವಟ್ಟಾಗಿದೆ ಅಂತ," ಎನ್ನುತ್ತಾರೆ ಆಕೆ.

ಗ್ಯಾಸ್ ಕೆಲಸಕ್ಕೆ ಮೂಗೇ ಬೇಕೆಂದೇನೂ ಇಲ್ಲ. ಕೀಲು ಕೀಲಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡಿದರೆ ಸಾಕು. ನೊಲ್ಬೆರ್ತೊ ಸದ್ದಿಲ್ಲದೆ ನೊರೆಗೆ ಬಂದರು. ಬೇರೆ ಊರಿಗೆ ಹೋಗಿ ಒಂದು ಮಾಪಕವನ್ನೂ ಕೊಂಡುತಂದರು. ಅದನ್ನು ಸಾಮಾನಿನ ಪೆಟ್ಟಿಗೆಯ ತಳದಲ್ಲಿ, ಹಳೇ ಟವೆಲಿನಲ್ಲಿ ಸುತ್ತಿ, ಕಳ್ಳಮಾಲಿನಂತೆ ಬಚ್ಚಿಟ್ಟರು. ಮನೆಯವರು ನೋಡುತ್ತಿದ್ದರೆ ಹೊರಗೆ ತೆಗೆಯುತ್ತಿರಲಿಲ್ಲ. ಬಾಗಿಲಿಗೆ ಬಂದ ಕೂಡಲೇ ಜನ ಮಾತು ನಿಲ್ಲಿಸಿ ಅವರ ಮುಖ ನೋಡುತ್ತಾರೆ. ಸಬುಯೆಸೊ ಮೂಸಬೇಕು. ಆದ್ದರಿಂದ ಅವರು ಮೂಸುತ್ತಲೇ ಬಂದರು, ತಲೆ ಎತ್ತಿ, ಜೋರಾಗಿ ಎರಡು ಸಲ. "ನಾಟಕದೋರು ಹೊಟ್ಟೆಪಾಡಿಗೆ ಮುಖಕ್ಕೆ ಬಣ್ಣ ಹಚ್ಕೋತಾರೆ. ನನಗೆ ಯಾವ ಹೊಟ್ಟೆಪಾಡೂ ಇರಲಿಲ್ಲ. ಬರೀ ಜಂಬ," ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ.

ಹೋದ ವರ್ಷ ಮೇ ತಿಂಗಳಲ್ಲಿ ಸುಲೇಮಾ ಅವರ ಅಡುಗೆಮನೆಗೆ ಹೊಸ ಬಾಯ್ಲರ್ ಕೂರಿಸಿದ್ದು ಇವರೇ. ಸುಲೇಮಾ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ಒಂಟಿ ಹೆಂಗಸು. ಮೈದಾ ಹಿಟ್ಟು ನಾದಿ, ಲಟ್ಟಿಸಿ, ಕೊಬ್ಬಿನಲ್ಲಿ ಕರಿದ ಆಕೆಯ ತೋರ್ತಾಗಳಿಗಾಗಿ ಪಾಳಿ ಮುಗಿಸಿದ ಎಣ್ಣೆಬಾವಿಯವರು ಗೇಟಿನ ಮುಂದೆ ಸಾಲು ನಿಲ್ಲುತ್ತಿದ್ದರು. ನೊಲ್ಬೆರ್ತೊ ಹೊಸ ಬಾಯ್ಲರಿನ ಕೀಲುಗಳಿಗೆಲ್ಲ ನೊರೆ ಹಚ್ಚಿದರು. ಹಳೇ ಒಲೆಯ ಹಿಂದಿನ ಕೊಳವೆಗೆ ಹಚ್ಚಲಿಲ್ಲ. ಜೀವಮಾನವಿಡೀ ಅಂಥ ಹಳೆಯದನ್ನೆಲ್ಲ ಮೂಗೇ ನೋಡಿಕೊಂಡಿತ್ತು, ಕೈಗೆ ಆ ಅಭ್ಯಾಸವೇ ಇರಲಿಲ್ಲ. ಮಾಪಕ ತೆಗೆಯೋಣವೆಂದರೆ ಸುಲೇಮಾ ಪಕ್ಕದಲ್ಲೇ ನಿಂತಿದ್ದರು. ಕೊನೆಗೆ ತಲೆ ಎತ್ತಿ ಎರಡು ಸಲ ಮೂಸಿ, "ಏನೂ ಇಲ್ಲ, ಗಾಳಿ ಶುದ್ಧವಾಗಿದೆ," ಎಂದು ಹೇಳಿ ಹೊರಟರು.

ಒಲೆಯ ಹಿಂದೆ ಸೋರುತ್ತಿತ್ತು. ಸುಲೇಮಾ ಅವರ ಮೂಗಿಗೆ ಅದು ಬಡಿಯಿತು. ಆದರೆ ಸಬುಯೆಸೊ ಮೂಸಿ ಇಲ್ಲ ಎಂದಮೇಲೆ ಇರುವುದು ಹೇಗೆ? ತನಗೇ ಭ್ರಮೆ ಎಂದುಕೊಂಡು ಆ ವಾಸನೆಯಲ್ಲೇ ಮಲಗಿದರು. ಮರುದಿನ ಮಗಳು ಬಂದು ಬಾಗಿಲು ತೆಗೆದವಳೇ ಗ್ಯಾಸ್ ನಾತಕ್ಕೆ ಕಿರುಚಿಕೊಂಡಳು. ಚಳಿಗೆ ಹೆದರಿ ಮಿಕ್ಕವರು ಮಾಡುವಂತೆ ಗೋಡೆಯ ಗಾಳಿಕಿಂಡಿಗೆ ಬಟ್ಟೆ ತುರುಕದೆ ಬಿಟ್ಟದ್ದರಿಂದ ಸುಲೇಮಾ ಬದುಕಿಕೊಂಡರು. ಸುದ್ದಿ ಕೇಳಿ ಓಡಿಬಂದು ಕೊಳವೆ ಬದಲಿಸುತ್ತಿದ್ದ ನೊಲ್ಬೆರ್ತೊ ಅವರ ಹತ್ತಿರ ಸುಲೇಮಾ ಕ್ಷಮೆ ಕೇಳಿದರು. ನೀವು ಹೋದಮೇಲೆ ಸಡಿಲಾಗಿರಬೇಕು, ನನಗೆ ಮೊದಲೇ ಬಂದ ವಾಸನೆ ಬರೀ ಭ್ರಮೆ, ನಿಜವಾಗಿ ಸೋರಿದಾಗ ವ್ಯತ್ಯಾಸವೇ ತಿಳಿಯಲಿಲ್ಲ, ನಿಮಗೆ ಕೆಟ್ಟ ಹೆಸರು ತಂದೆ, ನನ್ನ ಮೂಗೇ ಕೆಟ್ಟಿದೆ, ಯಾವುದು ನಿಜ ಯಾವುದು ಭ್ರಮೆ ಗೊತ್ತಾಗುವುದಿಲ್ಲ ಎಂದರು. ಅಲ್ಲೇ ಹೇಳಿಬಿಡಬಹುದಿತ್ತು. ನೊಲ್ಬೆರ್ತೊ ತಲೆ ತಗ್ಗಿಸಿ ಸ್ಪ್ಯಾನರ್ ತಿರುಗಿಸಿದರು. ಅದನ್ನು ನೆನೆದರೆ ಈಗಲೂ ಅವರ ಕಿವಿಯ ತುದಿ ಕೆಂಪಾಗುತ್ತದೆ.

ಆಮೇಲೆ ಏನಾಯಿತು ಎಂಬುದು ಅವರಿಗೆ ಗೊತ್ತಾದದ್ದು ಕಳೆದ ವಾರ. ಎರ್ಸಿಲಿಯಾ ಸಂತೆಯಿಂದ ಬಂದವರೇ ಚೀಲವನ್ನು ಮೇಜಿನ ಮೇಲೆ ಕುಕ್ಕಿದರು. ಸುಲೇಮಾ ತೋರ್ತಾ ಕರಿಯುವುದನ್ನು ಬಿಟ್ಟು ವರ್ಷವಾಯಿತಂತೆ. ಗ್ಯಾಸ್ ವಾಸನೆಯೇ ತಿಳಿಯದವಳು ಕಾದ ಕೊಬ್ಬಿನ ಮುಂದೆ ನಿಲ್ಲಬಾರದು ಎಂದು ಬಾಣಲೆಯನ್ನೇ ಯಾರಿಗೋ ಕೊಟ್ಟುಬಿಟ್ಟಿದ್ದಾರಂತೆ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಪಕ್ಕದ ಮನೆಯವಳನ್ನು ಕರೆದು ಅಡುಗೆಮನೆ ಮೂಸಿಸಿ, ಆಕೆ ಹೂಂ ಎಂದಮೇಲೆ ಕಡ್ಡಿ ಗೀರುತ್ತಾರಂತೆ.

"ನಿನ್ನ ಮೂಗು ಹೋದ್ರೆ ಹೋಗ್ಲಿ ಮುದುಕಾ," ಎಂದರು ಎರ್ಸಿಲಿಯಾ. "ಅವಳ ಮೂಗನ್ನ ಯಾಕೆ ಕಿತ್ಕೊಂಡೆ?"

ನೊಲ್ಬೆರ್ತೊ ಅವತ್ತು ಊಟ ಮಾಡಲಿಲ್ಲ. ಬಾಯ್ಲರಿನ ವರ್ಷದ ಸರ್ವಿಸು ಹೇಗೂ ಬಾಕಿ ಇತ್ತು, ಫೋನು ಮಾಡಿ ದಿನ ಗೊತ್ತುಮಾಡಿದರು. ಆ ದಿನ ಇವತ್ತು.

ಕೊನೆಗೂ ವ್ಯಾನಿನ ಬಾಗಿಲು ತೆರೆಯುತ್ತದೆ. ಸುಲೇಮಾ ಹಸನ್ಮುಖದಿಂದಲೇ ಬರಮಾಡಿಕೊಳ್ಳುತ್ತಾರೆ. ಸೋರೆಬುರುಡೆಯಲ್ಲಿ, ಚಹಾದಂತೆ ಬಿಸಿನೀರು ಹಾಕಿ ಹೀರುವ ಯೆರ್ಬಾ ಸೊಪ್ಪು ತುಂಬಿ, ಕೆಟಲಿನಲ್ಲಿ ನೀರು ಕಾಯಿಸುತ್ತಿದ್ದಾರೆ. ಪಕ್ಕದ ಮನೆಯವಳು ಬಂದು ಮೂಸಿ ಹೋಗಿದ್ದಾಳೆ, ಹೆದರಬೇಡಿ ಎಂದು ಮೊದಲೇ ಹೇಳುತ್ತಾರೆ. ಆಮೇಲೆ ಮಾತು ನಿಲ್ಲಿಸಿ, ಎಲ್ಲರಂತೆ, ಮೇಸ್ತ್ರಿಯ ಮುಖ ನೋಡುತ್ತಾರೆ. ನೊಲ್ಬೆರ್ತೊ ಅಭ್ಯಾಸಬಲದಿಂದ ತಲೆ ಎತ್ತುತ್ತಾರೆ. ಎತ್ತಿದ ತಲೆ ಹಾಗೇ ಕೆಳಗಿಳಿಯುತ್ತದೆ.

"ದೋನ್ಯಾ ಸುಲೇಮಾ, ನನಗೆ ವಾಸನೆ ಬರಲ್ಲ."

"ನೆಗಡಿನಾ?"

"ನೆಗಡಿ ಅಲ್ಲ. ಮೂರು ವರ್ಷ ಆಯ್ತು. ಹೋದ ವರ್ಷ ಇಲ್ಲೇ ನಿಂತು ಮೂಸಿದ್ನಲ್ಲ, ಆಗಲೂ ಬರ್ತಿರಲಿಲ್ಲ. ಸುಮ್ನೆ ನಾಟಕ ಆಡ್ದೆ."

ಸುಲೇಮಾ ಕೈ ಚಾಚಿ ಕೆಟಲಿನ ಕೆಳಗಿನ ಉರಿ ಆರಿಸುತ್ತಾರೆ. ಕುರ್ಚಿ ಎಳೆದು ಕೂರುತ್ತಾರೆ.

"ಹಂಗಾದ್ರೆ ಅವತ್ತು ನನಗೆ ಬಂದಿದ್ದು ನಿಜವಾದ ಗ್ಯಾಸ್ ವಾಸನೇನೇ?"

"ನಿಜವಾದ್ದೇ."

"ನನ್ನ ಮೂಗು ಸರಿಯಾಗೇ ಇತ್ತು."

"ಸರಿಯಾಗೇ ಇತ್ತು."

"ಒಂದು ವರ್ಷ ಪಕ್ಕದ ಮನೆಯವಳನ್ನ ಗೋಗರೆದಿದ್ದೀನಿ ನಾನು, ನನ್ನ ಮನೆ ಒಲೆ ಹಚ್ಚೋದಕ್ಕೆ. ನಿಮಗೆ ನಾಚಿಕೆ ಆಗಲ್ವಾ?"

"ಆಗುತ್ತೆ," ಎನ್ನುತ್ತಾರೆ ನೊಲ್ಬೆರ್ತೊ. "ಅದಕ್ಕೇ ಹೇಳಲಿಲ್ಲ."

ಯೆರ್ಬಾ ತುಂಬಿದ ಬುರುಡೆಯನ್ನು ಸುಲೇಮಾ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಮನೆಗೆ ಬಂದವರಿಗೆ ಯೆರ್ಬಾ ಕೊಡದಿರುವುದು ಈ ಊರಿನಲ್ಲಿ ಕಪಾಳಕ್ಕೆ ಬಿಗಿದಂತೆ. ಹೊರಗೆ ಹೋಗಿ ಎನ್ನದಿದ್ದದ್ದೇ ಪುಣ್ಯವೆಂದುಕೊಂಡು ನೊಲ್ಬೆರ್ತೊ ಕೆಲಸಕ್ಕೆ ಬಾಗುತ್ತಾರೆ. ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಟವೆಲ್ ಬಿಚ್ಚಿ, ಮಾಪಕವನ್ನು ಹೊರಗೆ ತೆಗೆದು, ಎದ್ದು ಕಾಣುವಂತೆ ಮೇಜಿನ ಮೇಲಿಡುತ್ತಾರೆ. ಬಾಯ್ಲರಿನ ಮುಚ್ಚಳ ಬಿಚ್ಚಿ, ಬರ್ನರನ್ನು ಬ್ರಷ್ಷಿನಿಂದ ಉಜ್ಜಿ, ಫ್ಯಾನಿನ ಧೂಳು ತೆಗೆದು, ರೇಡಿಯೇಟರುಗಳಲ್ಲಿ ಸಿಕ್ಕಿಕೊಂಡ ಗಾಳಿ ಬಿಡುತ್ತಾರೆ. ಸುಲೇಮಾ ಬೆನ್ನು ತಿರುಗಿಸಿ ಕೂತಿದ್ದಾರೆ.

ಕೊನೆಗೆ ಕೊಳವೆಯೊಳಗಿನ ಗ್ಯಾಸಿನ ಒತ್ತಡ ತೋರಿಸುವ ಆ ಮಾಪಕ ಜೋಡಿಸುತ್ತಾರೆ. ಮುಳ್ಳು ಅಲ್ಲಾಡದೆ ನಿಲ್ಲಬೇಕು. ಅದು ನಿಧಾನವಾಗಿ, ಕಂಡೂ ಕಾಣದಂತೆ, ಕೆಳಗೆ ಜಾರುತ್ತದೆ. ಎಲ್ಲೋ ಸೋರುತ್ತಿದೆ. ನೊಲ್ಬೆರ್ತೊ ಈ ಸಲ ಒಂದು ಕೀಲನ್ನೂ ಬಿಡುವುದಿಲ್ಲ, ಒಲೆಯ ಹಿಂದೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೊರೆ ಬಳಿಯುತ್ತಾರೆ. ಎಲ್ಲೂ ಗುಳ್ಳೆಯಿಲ್ಲ. ಮುಳ್ಳು ಮತ್ತೆ ಜಾರುತ್ತದೆ.

"ಸರೀರಿ ಆ ಕಡೆ," ಎನ್ನುತ್ತಾರೆ ಸುಲೇಮಾ.

ಮಂಡಿಯ ಮೇಲೆ ಕೈಯೂರಿ, ಬಗ್ಗಿ, ಪೈಪಿನ ಉದ್ದಕ್ಕೂ ಮೂಸುತ್ತ ಹೋಗುತ್ತಾರೆ. ಒಂದು ಕಡೆ ನಿಂತು ಅನುಮಾನಪಡುತ್ತಾರೆ, ಹಿಂದಕ್ಕೆ ಬರುತ್ತಾರೆ, ಮತ್ತೆ ಮುಂದಕ್ಕೆ ಹೋಗುತ್ತಾರೆ. ಬಾಯ್ಲರಿನ ಕೆಳಗಿನ ಗ್ಯಾಸ್ ನಲ್ಲಿಯ ಹತ್ತಿರ ನಿಲ್ಲುತ್ತಾರೆ.

"ಇಲ್ಲಿ."

"ಅಲ್ಲಿ ಹಚ್ಚಿದ್ದೀನಲ್ಲಮ್ಮಾ, ಏನೂ ಬರಲಿಲ್ಲ."

"ಇಲ್ಲಿ ಅಂದ್ರೆ ಇಲ್ಲಿ," ಎನ್ನುತ್ತಾರೆ ಸುಲೇಮಾ. ನಲ್ಲಿಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ನೊಲ್ಬೆರ್ತೊ ನೊರೆಯ ಬಟ್ಟಲನ್ನು ಎಳೆದುಕೊಳ್ಳುತ್ತಾರೆ. ನಟ್ಟಿಗೆ ಆಗಲೇ ಹಚ್ಚಿದ್ದಾಗಿದೆ. ಈಗ ನಲ್ಲಿಯ ಹಿಡಿ ತಿರುಗುವ ಬುಡಕ್ಕೆ, ಬ್ರಷ್ಷು ತಲುಪದ ಸಂದಿಗೆ, ಬೆರಳಿನಿಂದ ನೊರೆ ತುಂಬುತ್ತಾರೆ. ಇಬ್ಬರೂ ಬಗ್ಗಿ ನೋಡುತ್ತಾರೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಏಳುತ್ತದೆ, ಕಡಲೆಯಷ್ಟಾಗುತ್ತದೆ, ಒಡೆಯುತ್ತದೆ. ಒಳಗಿನ ಗ್ರೀಸ್ ಒಣಗಿದೆ, ಇವತ್ತು ಹಿಡಿ ತಿರುಗಿಸಿದ್ದಕ್ಕೆ ಬಿಟ್ಟುಕೊಂಡಿದೆ.

ಸುಲೇಮಾ ಅದನ್ನೇ ನೋಡುತ್ತ ನಿಂತಿರುತ್ತಾರೆ. "ಇನ್ನೊಂದ್ಸಲ ಹಚ್ಚಿ," ಎನ್ನುತ್ತಾರೆ. ನೊಲ್ಬೆರ್ತೊ ಹಚ್ಚುತ್ತಾರೆ. ಗುಳ್ಳೆ ಮತ್ತೆ ಏಳುತ್ತದೆ. ಸುಲೇಮಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ನೊಲ್ಬೆರ್ತೊ ಎಲ್ಲಿ ನೋಡಬೇಕೆಂದು ತಿಳಿಯದೆ ಬ್ರಷ್ಷನ್ನು ತೊಳೆಯುತ್ತಾರೆ.

ಹೊಸ ನಲ್ಲಿ ಕೂರುತ್ತದೆ, ಮುಳ್ಳು ಕದಲದೆ ನಿಲ್ಲುತ್ತದೆ, ಬಾಯ್ಲರಿನೊಳಗೆ ನೀಲಿ ಜ್ವಾಲೆ ಸಮನಾಗಿ ಹರಡುತ್ತದೆ. ಒಲೆಗೆ ಕಡ್ಡಿ ಗೀರುವ ಮುಂಚೆ ಸುಲೇಮಾ ಪಕ್ಕದ ಮನೆಯವಳನ್ನು ಕರೆಯುವುದಿಲ್ಲ. ತಾವೇ ಒಮ್ಮೆ ಉಸಿರೆಳೆದುಕೊಂಡು ಹಚ್ಚುತ್ತಾರೆ. ಆಮೇಲೆ ಮೇಲಿನ ಶೆಲ್ಫಿನಲ್ಲಿರುವ ಹಿಟ್ಟಿನ ಚೀಲ ಇಳಿಸಿಕೊಡಲು ಹೇಳುತ್ತಾರೆ. ಬಾಣಲೆ ಇಲ್ಲದ್ದರಿಂದ ಸಾರಿನ ಪಾತ್ರೆಯಲ್ಲೇ ಕೊಬ್ಬು ಕಾಯುತ್ತದೆ. ಮೊದಲ ತೋರ್ತಾ ಸ್ವಲ್ಪ ಕಪ್ಪಾಗುತ್ತದೆ. ಅದನ್ನೇ ತಟ್ಟೆಗೆ ಹಾಕಿ ಮೇಸ್ತ್ರಿಯ ಮುಂದಿಡುತ್ತಾರೆ.

"ತಿನ್ನಿ. ರುಚಿ ಗೊತ್ತಾಗುತ್ತೋ ಇಲ್ವೋ, ಅದು ನಿಮ್ಮ ಹಣೆಬರಹ. ನಾನಿನ್ನೂ ಕ್ಷಮಿಸಿಲ್ಲ."

ನೊಲ್ಬೆರ್ತೊ ನಿಂತೇ ತಿನ್ನುತ್ತಾರೆ. ಬಿಸಿ ಗೊತ್ತಾಗುತ್ತದೆ, ಉಪ್ಪು ಗೊತ್ತಾಗುತ್ತದೆ, ಹಲ್ಲಿಗೆ ಗರಿಗರಿ ಗೊತ್ತಾಗುತ್ತದೆ. ಪರಿಮಳ ಇಲ್ಲ. ಚೆನ್ನಾಗಿದೆ ಎಂದು ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಳ್ಳುತ್ತಾರೆ. ಯೆರ್ಬಾ ಬುರುಡೆ ಇನ್ನೂ ಸುಲೇಮಾ ಅವರ ಕಡೆಗೇ ಇದೆ.

ಹೊರಗೆ ಬೆಳಕು ಹರಿದಿದೆ. ಈ ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬರೆಯುವಾಗ ಮೂಗಿನ ವಿಷಯ ಬಿಟ್ಟುಬಿಡಬೇಕೇ ಎಂದು ಕೇಳಿದರೆ ನೊಲ್ಬೆರ್ತೊ ಸಾಮಾನಿನ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿ, ಅದಕ್ಕೇ ಒರಗಿ ನಿಲ್ಲುತ್ತಾರೆ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ, ಗಾಳಿಗೇ ಇರಬೇಕು.

"ಬಿಡಬೇಡಿ, ಹಾಕಿ," ಎನ್ನುತ್ತಾರೆ. "ಈ ಚಳಿಗಾಲದಲ್ಲಿ ಇನ್ನೂ ಎಷ್ಟೋ ಮನೆಗೆ ಹೋಗಬೇಕು. ಎಲ್ಲರ ಹೊಸ್ತಿಲಲ್ಲೂ ನಿಂತು ಇದನ್ನೇ ಹೇಳೋದಕ್ಕೆ ನನಗೆ ನಾಲಿಗೆ ಏಳಲ್ಲ. ನೀವು ಬರೆದ್ರೆ ಓದ್ಕೊಂಡಿರ್ತಾರೆ. ಬೇಕಾದೋರು ಕರೀತಾರೆ, ಬೇಡದೋರು ಬಿಡ್ತಾರೆ."

ವ್ಯಾನು ಹತ್ತಿ, ಎಂಜಿನ್ ಚಾಲೂ ಮಾಡಿ, ಮತ್ತೆ ಗಾಜು ಇಳಿಸುತ್ತಾರೆ.

"ಆದ್ರೆ ನನ್ನ ಹೆಸರಿಂದ ಶುರು ಮಾಡಬೇಡಿ. ದೋನ್ಯಾ ಸುಲೇಮಾ ಮೂಗು ಚೆನ್ನಾಗಿದೆ, ಯಾವತ್ತೂ ಚೆನ್ನಾಗೇ ಇತ್ತು ಅಂತ ಮೊದಲು ಹಾಕಿ. ಊರೆಲ್ಲ ಓದಲಿ."