ಇದ್ದೀನಿ ಎಂದ ಮೇಲೆ

ಬ್ಯಾಸ್ಕೆಟ್‌ಬಾಲ್ ಆಡುವವರೆಲ್ಲ ಚೆಂಡನ್ನು ರಿಂಗಿಗೆ ಹಾಕಿ ಹೆಸರು ಮಾಡಿದರೆ, ಅವಳು ಬಿದ್ದು ಬಿದ್ದು ಹೆಸರು ಮಾಡಿದಳು. ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಎದುರಾಳಿ ಚೆಂಡು ಹಿಡಿದು ರಿಂಗಿನತ್ತ ನುಗ್ಗುವಾಗ ಆಕೆಯ ದಾರಿಗೆ ಮೊದಲೇ ಹೋಗಿ, ಎರಡೂ ಪಾದ ಊರಿ, ಕೈಗಳನ್ನು ಎದೆಗೆ ಕಟ್ಟಿ ನಿಲ್ಲುವುದು. ಬಂದ ಏಟನ್ನು ಎದೆಯ ಮೇಲೆ ತೆಗೆದುಕೊಂಡು ಹಿಂದಕ್ಕೆ ಬೀಳುವುದು. ಇಷ್ಟೇ ಅವಳ ಕಸುಬು. ಮೊದಲೇ ನಿಂತಿದ್ದರೆ ರೆಫರಿ ಶಿಳ್ಳೆ ಊದಿ, ತಪ್ಪು ನುಗ್ಗಿದವಳದು ಎನ್ನುತ್ತಾನೆ, ಚೆಂಡು ನಿಂತವಳ ತಂಡಕ್ಕೆ ಸಿಗುತ್ತದೆ. ಮಾರನೆಯ ದಿನದ ಪೇಪರಿನಲ್ಲಿ ಅಂಕ ಹಾಕಿದವರ ಹೆಸರು ಬರುತ್ತದೆ, ಬಿದ್ದವಳದು ಬರುವುದಿಲ್ಲ. ಅವಳಿಗೆ ಅದರ ಬೇಸರವೇನೂ ಇರಲಿಲ್ಲ.

ಈ ಕಸುಬು ಸಿಕ್ಕಿದ್ದೂ ಒಂದು ಅವಮಾನದಿಂದಲೇ. ಶಾಲೆಯಲ್ಲಿ ಅವಳಷ್ಟು ಎತ್ತರದ ಹುಡುಗಿ ಇನ್ನೊಬ್ಬಳಿರಲಿಲ್ಲ. ಯೂನಿಫಾರ್ಮಿನ ಅಂಚು ಬಿಚ್ಚಿ ಇಳಿಸಿ, ಬಿಚ್ಚಿ ಇಳಿಸಿ ಸಾಕಾದ ಅಮ್ಮ, "ಇವಳಿಗೆ ಬಟ್ಟೆ ಹೊಲಿಸೋ ಬದಲು ಕಿಟಕಿ ಪರದೆ ತಂದು ಸುತ್ತಿಬಿಡೋದು ವಾಸಿ" ಎಂದು ಗೊಣಗುತ್ತಿದ್ದಳು. ಎತ್ತರ ನೋಡಿ ಆಟಕ್ಕೆ ಕರೆದರೆ, ಕೈಗೆ ಬಂದ ಚೆಂಡೆಲ್ಲ ಎಣ್ಣೆ ಹಚ್ಚಿದ ಹಾಗೆ ಜಾರಿಹೋಗುತ್ತಿತ್ತು. ಕೋಚ್ ಮೇಡಂ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು: "ಎಸೆಯೋಕೆ ಬರಲ್ಲ, ಹಿಡಿಯೋಕೆ ಬರಲ್ಲ. ನಿಂತ್ಕೊಳ್ಳೋಕಾದ್ರೂ ಬರುತ್ತಾ ತಾಯಿ?"

ನಿಲ್ಲುವುದು ಬರುತ್ತಿತ್ತು. ಅದೇ ಮೇಡಂ ಮುಂದೆ ದೊಡ್ಡ ಕ್ಲಬ್ಬಿನ ಕೋಚ್ ಆದಾಗ ಇವಳನ್ನೂ ಕರೆದುಕೊಂಡು ಹೋದರು. ಸಂಬಳದ ಕೆಲಸ ಎಂದಾಗ ಅಪ್ಪ ನಂಬಲಿಲ್ಲ. "ಬೀಳೋದಕ್ಕೂ ಸಂಬಳ ಕೊಡ್ತಾರಾ? ಮೊನ್ನೆ ನಾನು ಬಚ್ಚಲಲ್ಲಿ ಬಿದ್ನಲ್ಲ, ಯಾರೂ ಬಂದು ಏನಾಯ್ತು ಅಂತಾನೂ ಕೇಳ್ಲಿಲ್ಲ."

ನಿಲ್ಲುವುದಕ್ಕೂ ಮೊದಲು ಇನ್ನೊಂದು ಕೆಲಸವಿತ್ತು. ಅದು ಕೂಗುವುದು. ಚೆಂಡು ಹಿಡಿದವಳನ್ನು ಮುಂದೆ ನಿಂತು ತಡೆಯುವವಳಿಗೆ ಬೆನ್ನಲ್ಲಿ ಕಣ್ಣಿರುವುದಿಲ್ಲ. ಅದಕ್ಕೇ ಹಿಂದಿರುವವಳು "ಇದ್ದೀನಿ" ಎಂದು ಕೂಗಬೇಕು. ಆ ಕೂಗು ಕಿವಿಗೆ ಬಿದ್ದರೆ ಮುಂದಿನವಳು ಧೈರ್ಯವಾಗಿ ಎದುರಾಳಿಯ ಮೈಮೇಲೇ ಹೋಗಬಹುದು. ಆಕೆ ನುಣುಚಿಕೊಂಡರೂ ಹಿಂದೆ ಗೋಡೆಯಿದೆ. ಕೂಗದೆ ನಿಂತರೆ ಪರವಾಗಿಲ್ಲ. ಕೂಗದೆ, ನಿಲ್ಲದೆ ಇದ್ದರೂ ಬೈಸಿಕೊಂಡು ಮುಗಿಯಿತು. ಕೂಗಿ ನಿಲ್ಲದಿರುವುದು ಮಾತ್ರ ಕೂಡದು. ಇದನ್ನು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಅನ್ನ ತಿನ್ನುವವರಿಗೆ ಗೊತ್ತಿರುವಂತೆ ಎಲ್ಲರಿಗೂ ಗೊತ್ತಿತ್ತು.

ಅವಳ ಕೂಗನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಗುಬ್ಬಿ. ತಂಡದಲ್ಲೇ ಕುಳ್ಳಿ, ಚಿಗರೆಯಂಥ ಹುಡುಗಿ. ಮುಂದೆ ನಿಂತು ತಡೆಯುವುದು ಅವಳ ಕೆಲಸ. "ಅಕ್ಕಾ, ನೀವು ಹಿಂದಿದ್ರೆ ನಾನು ಲಾರಿಗೂ ಅಡ್ಡ ಹೋಗ್ತೀನಿ" ಎನ್ನುತ್ತಿದ್ದಳು. "ಲಾರಿಯವನಿಗೆ ಫೌಲ್ ಗೊತ್ತಿರಲ್ಲ ಕಣೇ" ಎಂದು ಇವಳು ಅವಳ ತಲೆಗೊಂದು ಮೊಟಕುತ್ತಿದ್ದಳು.

ಹೀಗೇ ಹಲವು ವರ್ಷ ನಡೆಯಿತು. ನಡುವೆ ಕನ್ನಡಕದ ಅಂಗಡಿಯವನೊಬ್ಬನನ್ನು ಮದುವೆಯಾದಳು. ಅವನ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಯಾರಾದರೂ ಕೆಣಕಿದರೆ, "ನನಗೆ ದೃಷ್ಟಿ ಸರಿಯಾಗಿದೆ, ಸ್ವಲ್ಪ ಮೇಲಕ್ಕೆ ನೋಡಬೇಕು ಅಷ್ಟೆ" ಎನ್ನುತ್ತಿದ್ದ. ಆಮೇಲೆ ಮಗಳು ಹುಟ್ಟಿದಳು.

ಅದುವರೆಗೆ ಅವಳಿಗೆ ತಲೆ ಎಂದರೆ, ಬೀಳುವಾಗ ನೆಲಕ್ಕೆ ಬಡಿಯದಂತೆ ಗಲ್ಲವನ್ನು ಎದೆಗೊತ್ತಿ ಕಾಪಾಡಿಕೊಳ್ಳಬೇಕಾದ ಒಂದು ಸಾಮಾನು. ಈಗ ಮಗುವಿನ ನೆತ್ತಿಯ ಮೆತ್ತನೆಯ ಜಾಗ ಚರ್ಮದಡಿಯಲ್ಲಿ ಮಿಡಿಯುವುದನ್ನು ನೋಡುತ್ತ ಕೂತವಳಿಗೆ, ಜಗತ್ತಿನಲ್ಲಿ ಎಲ್ಲರ ತಲೆಯೂ ಹಾಗೇ ಎನ್ನಿಸತೊಡಗಿತು. ತನ್ನದೂ. ತನಗೇನಾದರೂ ಆದರೆ ಇವಳಿಗೆ ಯಾರು? ಮೆಟ್ಟಿಲು ಇಳಿಯುವಾಗಲೂ ಕಂಬಿ ಹಿಡಿದುಕೊಳ್ಳುವ ಅಭ್ಯಾಸವಾಯಿತು. ಪ್ರಾಕ್ಟೀಸಿಗೆ ಮರಳಿದ ಮೇಲೆ ಬಿಡುವು ಸಿಕ್ಕಾಗಲೆಲ್ಲ ಮನೆಗೆ ಫೋನು.

"ಅತ್ತೆ, ಮಲಗಿದಾಳಾ? ಉಸಿರಾಡ್ತಿದಾಳಾ ನೋಡಿ ಸ್ವಲ್ಪ."

"ಇಲ್ಲಮ್ಮ, ಸುಮ್ನೆ ಮಲಗಿದಾಳೆ. ಉಸಿರಾಡೋದು ಹೇಗೆ ಅಂತ ನೀನೇ ಬಂದು ಹೇಳಿಕೊಡು." ಅತ್ತೆ ನಗುತ್ತಿದ್ದರು. "ನಾನೂ ಮಕ್ಕಳನ್ನ ಸಾಕಿದೋಳೇ ಕಣೇ. ನಿನ್ನ ಗಂಡ ಬದುಕಿಲ್ವಾ?"

ಕೋರ್ಟಿನಲ್ಲಿದ್ದರೆ ಮಗುವಿಗೆ ಮೋಸ, ಮನೆಯಲ್ಲಿದ್ದರೆ ತಂಡಕ್ಕೆ ಮೋಸ. ಎರಡು ದೋಣಿಯ ಮೇಲೆ ಕಾಲಿಟ್ಟವಳಂತೆ ಅವಳು ಸೆಮಿಫೈನಲ್ಲಿಗೆ ಇಳಿದಳು.

ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಅಂಕ ಸಮಸಮ. ಎದುರಾಳಿಯ ದಪ್ಪ ರಟ್ಟೆಯ ಆಟಗಾರ್ತಿ ಚೆಂಡು ಪುಟಿಸುತ್ತ ಬಂದಳು. ಮುಂದೆ ಗುಬ್ಬಿ, ಹಿಂದೆ ಗೋಡೆ. "ಇದ್ದೀನಿ" ಎಂದು ಕೂಗಿದಳು. ಗುಬ್ಬಿ ಹಿಂದುಮುಂದು ನೋಡದೆ ಆಕೆಯ ಮೈಮೇಲೆ ಹೋದಳು. ಆಕೆ ಭುಜ ತಗ್ಗಿಸಿ ನುಣುಚಿಕೊಂಡು ನೇರ ಗೋಡೆಯತ್ತ ಬಂದಳು. ಎಂದಿನಂತೆ ಪಾದ ಊರಬೇಕಿತ್ತು. ಊರಿಯೂ ಇದ್ದಳು. ಆದರೆ ಆ ಭುಜ ಹತ್ತಿರ ಬಂದಾಗ ಮೈ ತಾನಾಗಿಯೇ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿತು. ಹಿಂದೆ ಯಾರೂ ಇಲ್ಲವೆಂದು ಕಂಡ ಗುಬ್ಬಿ ತಿರುಗಿ ಓಡಿ ಆ ಖಾಲಿ ಜಾಗಕ್ಕೆ ತನ್ನನ್ನೇ ಎಸೆದುಕೊಂಡಳು. ಡಿಕ್ಕಿಯ ಸದ್ದು ಗ್ಯಾಲರಿಗೂ ಕೇಳಿಸಿತು. ಗುಬ್ಬಿಯ ಹೆಗಲ ಮೂಳೆ ಮುರಿದಿತ್ತು. ಪಂದ್ಯವೂ ಹೋಯಿತು.

ಸ್ಟ್ರೆಚರಿನ ಮೇಲೆ ಮಲಗಿ ಹಲ್ಲು ಕಚ್ಚಿಕೊಂಡು ಗುಬ್ಬಿ ಹೇಳಿದ್ದು ಒಂದೇ ಮಾತು: "ಸಾರಿ ಅಕ್ಕಾ. ಬಿಟ್ಬಿಟ್ಟೆ ಅವಳನ್ನ."

ಯಾರೂ ಗೋಡೆಯನ್ನು ಬೈಯಲಿಲ್ಲ. ನೋಡಿದವರಿಗೆಲ್ಲ ಅವಳ ಕಾಲು ಜಾರಿದಂತೆ ಕಂಡಿತ್ತು. ನೆಲದ ಮೇಲೆ ಬೆವರಿತ್ತೇನೋ ಎಂದು ಒಬ್ಬಳು ತಾನಾಗಿಯೇ ನೆಪವನ್ನೂ ತಂದುಕೊಟ್ಟಳು. ಇವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಮೇಲೆ ಕ್ಲಬ್ಬಿನಲ್ಲಿ ಯಾರಾದರೂ ನೆಲದ ಮಾತೆತ್ತಿದರೂ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಗುತ್ತಿತ್ತು.

ಮಗುವನ್ನು ಕಂಕುಳಲ್ಲಿಟ್ಟುಕೊಂಡು ಗುಬ್ಬಿಯ ಬಾಡಿಗೆ ಕೋಣೆಗೆ ಹೋದಳು. ಕೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ತೂಗುಹಾಕಿಕೊಂಡಿದ್ದ ಗುಬ್ಬಿ ಇನ್ನೊಂದು ಕೈಯ ಬೆರಳನ್ನು ಮಗುವಿನ ಮುಷ್ಟಿಗೆ ಕೊಟ್ಟು ಆಡಿಸುತ್ತ ಕೇಳಿದಳು: "ಅಕ್ಕಾ, ಅವತ್ತು ನೀವು ಕೂಗಿದ್ರಾ? ನನಗೆ ಕೇಳಿಸಿದ ಹಾಗಾಯ್ತು. ಇಲ್ಲಾಂದ್ರೆ ನಾನು ಯಾಕೆ ಹಾಗೆ ನುಗ್ತಿದ್ದೆ? ಗ್ಯಾಲರಿಯಲ್ಲಿ ಯಾರೋ ಕೂಗಿದ್ದನ್ನ ನಿಮ್ಮ ದನಿ ಅಂದ್ಕೊಂಡ್ನೇನೋ. ಮಲಗಿದ್ರೂ ಎದ್ರೂ ಇದೇ ಯೋಚನೆ."

ಹೇಳಿಬಿಡಬಹುದಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು.

"ತುಂಬಾ ಗಲಾಟೆ ಇತ್ತಲ್ಲ," ಎಂದಳು. "ನನಗೂ ನೆನಪಿಲ್ಲ ಕಣೇ."

ಸರಿದದ್ದು ಮೈ. ಈ ಸುಳ್ಳು ಮಾತ್ರ ಅವಳೇ ಹೇಳಿದ್ದು. ಮನೆಗೆ ಮರಳುವ ದಾರಿಯುದ್ದಕ್ಕೂ ಮಗು ಅಳುತ್ತಿದ್ದರೂ ಅವಳಿಗೆ ಕೇಳಿಸಲಿಲ್ಲ; ಎದುರು ಬಂದ ಹೆಂಗಸೊಬ್ಬಳು "ಏನಮ್ಮಾ, ಮಗು ನೋಡು" ಎಂದು ಗದರಿದ ಮೇಲೇ ಎಚ್ಚರವಾದದ್ದು.

ಮುಂದಿನ ಸೀಸನ್ನಿಗೆ ಯಾರಿರಬೇಕು, ಯಾರು ಬೇಡ ಎಂದು ತೀರ್ಮಾನಿಸುವ ಹೊತ್ತಿಗೆ ಕೋಚ್ ಮೇಡಂ ಅವಳನ್ನು ಮಹಡಿಯ ಮೇಲಿನ ತಮ್ಮ ಕೋಣೆಗೆ ಕರೆಸಿದರು.

"ಗುಬ್ಬೀನ ಬಿಡ್ತಿದೀನಿ," ಎಂದರು. "ಮೂಳೆ ಕೂಡುತ್ತೆ, ಬುದ್ಧಿ ಕೂಡಲ್ಲ. ಹಿಂದೆ ಯಾರೂ ಕೂಗದೆ ನುಗ್ಗೋ ಹುಡುಗೀನ ಕಟ್ಕೊಂಡು ನಾನೇನು ಮಾಡ್ಲಿ? ಕೇಳಿದ್ರೆ, ಕೇಳಿಸಿದ ಹಾಗಾಯ್ತು, ಆದ್ರೆ ಅಕ್ಕನಿಗೆ ನೆನಪಿಲ್ವಂತೆ ಅಂತಾಳೆ. ನಿನಗೆ ನೆನಪಿಲ್ಲದೆ ಇರುತ್ತಾ? ಪಾಪ, ಹುಡುಗಿ ಮುಖ ನೋಡಿ ಕೂಗಿಲ್ಲ ಅನ್ನೋಕಾಗದೆ ಹಾಗಂದಿದೀಯ. ನಿನ್ನ ಒಳ್ಳೇತನ ನನಗೆ ಗೊತ್ತಿಲ್ವಾ?"

"ಹೂಂ" ಎಂದು ಹೊರಗೆ ಬಂದಳು. ಅರ್ಧ ಮೆಟ್ಟಿಲು ಇಳಿದು, ಕಂಬಿ ಹಿಡಿದು ಅಲ್ಲೇ ಕೂತಳು. ಕೆಳಗೆ ಕೋರ್ಟಿನಲ್ಲಿ ಯಾರೋ ಒಬ್ಬರೇ ಚೆಂಡು ಪುಟಿಸುತ್ತಿದ್ದರು. ತನ್ನ ಹೇಡಿತನಕ್ಕೆ ಒಳ್ಳೇತನ ಎಂಬ ಹೆಸರು ಬಿದ್ದದ್ದನ್ನು ಹೊತ್ತುಕೊಂಡು ಮನೆಗೆ ಹೋಗುವುದು ಅವಳಿಂದಾಗಲಿಲ್ಲ. ಎದ್ದು ಮತ್ತೆ ಹತ್ತಿದಳು.

"ಮೇಡಂ, ನಾನು ಕೂಗಿದ್ದೆ."

ಮೇಡಂ ತಲೆಯೆತ್ತಿದರು. "ಕೂಗಿ?"

"ಸರಿದೆ. ಕಾಲು ಜಾರಿದ್ದಲ್ಲ."

ಮೇಡಂ ಮೆಲ್ಲಗೆ ಹೇಳಿದರು: "ಹೆದರೋದು ತಪ್ಪಲ್ಲ. ನಾನೂ ಹೆತ್ತು ಬಂದು ಆಡಿದೋಳೇ, ನನಗೂ ಹೆದರಿಕೆಯಾಗಿದೆ. ಆಗ ಬಾಯಿ ಮುಚ್ಕೊಂಡಿರ್ತಿದ್ದೆ. ಕೂಗಿ ಸರಿಯೋದು ಬೇರೆ." ಪೆನ್ನು ಕೆಳಗಿಟ್ಟರು. "ಗುಬ್ಬಿ ಇರ್ತಾಳೆ. ನಿನ್ನ ವಿಷಯ ನೀನೇ ಹೇಳು, ನಿಲ್ತೀಯಾ?"

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲದವರನ್ನ ನಿಲ್ಲಿಸೋಕಾಗಲ್ಲ." ಮತ್ತೆ ಕೇಳಿದರು: "ಅವಳಿಗೆ ನಾನು ಹೇಳ್ಲಾ, ನೀನು ಹೇಳ್ತೀಯಾ?"

"ನಾನೇ ಹೇಳ್ತೀನಿ."

ಅಂದೇ ಸಂಜೆ ಗುಬ್ಬಿಯ ಕೋಣೆಗೆ ಹೋಗಿ, ಕೂರದೆ, ನಿಂತೇ ಹೇಳಿದಳು. ಗುಬ್ಬಿಯ ಮುಖ ಮೊದಲು ಅರಳಿತು. "ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇದೆ. ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ." ಒಂದು ಗಳಿಗೆ ಬಿಟ್ಟು ಕೇಳಿದಳು, "ಯಾಕೆ ಸರಿದ್ರಿ?"

"ಹೆದರಿಕೆಯಾಯ್ತು."

"ನನಗೂ ಹೆದರಿಕೆ ಇತ್ತು. ನೀವಿದ್ದೀರಿ ಅಂತ ಹೋದೆ."

ಅದರಲ್ಲಿ ಸಿಟ್ಟೂ ಇರಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ಬೈಸಿಕೊಳ್ಳಬಹುದಿತ್ತು. ಗುಬ್ಬಿ ಕಿಟಕಿಯ ಕಡೆ ತಿರುಗಿ, "ಮಗುಗೆ ಹಸಿವಾಗಿರುತ್ತೆ, ಹೋಗಿ" ಎಂದಳು. ಅಕ್ಕಾ ಎನ್ನಲಿಲ್ಲ.

ಮುಂದಿನ ಸೀಸನ್ನಿನಲ್ಲಿ ಅವಳು ಗ್ಯಾಲರಿಯ ಕೊನೆಯ ಸಾಲಿನಲ್ಲಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟ ನೋಡಿದಳು. ಗುಬ್ಬಿ ಮೊದಲಿಗಿಂತ ಚುರುಕಾಗಿದ್ದಳು, ಹೆಗಲೂ ಕೂಡಿಕೊಂಡಿತ್ತು. ಅವಳ ಹಿಂದೆ ಈಗ ಬೇರೊಬ್ಬ ಎತ್ತರದ ಹುಡುಗಿ. ಎದುರಾಳಿ ಚೆಂಡು ಪುಟಿಸುತ್ತ ಬಂದಾಗ ಆ ಹುಡುಗಿ ಗಂಟಲೆತ್ತಿ ಕೂಗಿದಳು, "ಇದ್ದೀನಿ."

ಗುಬ್ಬಿ ನುಗ್ಗಲಿಲ್ಲ. ಮೊದಲು ಕತ್ತು ತಿರುಗಿಸಿ ಹಿಂದೆ ನೋಡಿದಳು. ಆ ಹುಡುಗಿ ಇದ್ದಳು, ಪಾದ ಊರಿಯೇ ನಿಂತಿದ್ದಳು. ಅಷ್ಟು ಹೊತ್ತು ಸಾಕಾಯಿತು ಎದುರಾಳಿಗೆ. ಗುಬ್ಬಿಯ ಪಕ್ಕದಿಂದಲೇ ಚೆಂಡು ಹಾರಿ ರಿಂಗಿನೊಳಗೆ ಬಿತ್ತು.

"ಈ ಕುಳ್ಳಿಗೆ ಇದ್ಯಾವ ಹೊಸ ಚಾಳಿ," ಎಂದ ಪಕ್ಕದಲ್ಲಿ ಕೂತ ಗಂಡಸು. "ಆಟದ ಮಧ್ಯೆ ಹಿಂದಕ್ಕೆ ನೋಡ್ತಾಳಲ್ಲ."

ಇನ್ನೊಮ್ಮೆ ಕೂಗು ಬಂತು. ಗುಬ್ಬಿ ಮತ್ತೆ ತಿರುಗಿ ನೋಡಿದಳು. ಎದುರಾಳಿ ತಂಡದವರಿಗೂ ಅಷ್ಟರಲ್ಲಿ ಅದು ತಿಳಿದುಹೋಗಿತ್ತು. ಅವಳ ಕತ್ತು ತಿರುಗುವುದನ್ನೇ ಕಾಯತೊಡಗಿದ್ದರು. ಕೊನೆಯ ಸಾಲಿನಲ್ಲಿ ಅವಳು ಮಗಳನ್ನು ಎದೆಗೆ ಒತ್ತಿಕೊಂಡು, ಎದ್ದು ಹೋಗಲೂ ಆಗದೆ, ನೋಡುತ್ತಲೇ ಕೂತಳು.