ಇಟಲಿಯ ಕಾರಿಗೆ ಬಾಯ್ಲರಿನ ಹಿತ್ತಾಳೆ

ಕಳೆದ ತಿಂಗಳು ಒಂದು ಭಾನುವಾರ ನನ್ನ ತಂಗಿಯ ಮಗ ಕಾರ್ತಿಕ್ ತನ್ನ ಹೊಸ ಕಾರು ತಂದು ವಡಾಲದ ನಮ್ಮ ಬಿಲ್ಡಿಂಗಿನ ಮುಂದೆ ನಿಲ್ಲಿಸಿದ. ಗೇಟಿನೊಳಗೆ ಬರುವಾಗಲೇ ಅದು ಹುಲಿಯ ಹಾಗೆ ಗುರುಗುಟ್ಟಿತು. ಮೂರನೇ ಮಹಡಿಯಲ್ಲಿ ಪೇಪರ್ ಓದುತ್ತಿದ್ದವನು ಕನ್ನಡಕ ಮರೆತು ಕೆಳಗಿಳಿದೆ. ಒಳ್ಳೆಯ ಇಂಜಿನ್ನಿನ ಸದ್ದು ಕೇಳಿದರೆ ಕೂತಲ್ಲಿ ಕೂರಲಾಗದ ಹಳೆಯ ಚಟ ನನ್ನದು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಹಿಂದೆ ನಾಲ್ಕು ಹೊಗೆಕೊಳವೆಗಳು. ಬಗ್ಗಿ ಬೆರಳಿಟ್ಟು ನೋಡಿದರೆ ಅವುಗಳಲ್ಲಿ ಎರಡು ಬರೀ ಅಲಂಕಾರ, ಒಳಗೆ ತೂತೇ ಇಲ್ಲ. ಸೀಟಿನಲ್ಲಿ ಕೂತ ಮೇಲೆ ಇನ್ನೊಂದು ಸತ್ಯ ತಿಳಿಯಿತು: ಆ ಗುರುಗುಟ್ಟುವಿಕೆಯೂ ಬಹುಪಾಲು ಸ್ಪೀಕರಿನದು. ಕಾರ್ತಿಕ್ ಎದುರಿನ ಪರದೆಯನ್ನು ಬೆರಳಿನಿಂದ ಒತ್ತುತ್ತಾ ಹೋದ, ಸದ್ದು ಬದಲಾಗುತ್ತಾ ಹೋಯಿತು.

"ಮಾಮಾ, ಯಾವ ಸೌಂಡ್ ಬೇಕು ಹೇಳಿ. ರೇಸ್ ಇದೆ, ಕ್ಲಾಸಿಕ್ ಭೀ ಇದೆ."

ಮೈಯೆಲ್ಲ ಉರಿಯಿತು. ನೀವೇ ಹೇಳಿ, ಹಸಿವಾದವನ ಎದುರು ಒಗ್ಗರಣೆಯ ಸದ್ದನ್ನು ರೆಕಾರ್ಡ್ ಮಾಡಿ ಕೇಳಿಸಿದರೆ ಊಟವಾಗುತ್ತದೆಯೆ?

ಸಿಟ್ಟಾಗಲು ನಿನಗೇನು ಯೋಗ್ಯತೆ ಎಂದು ನೀವು ಕೇಳಬಹುದು. ಏನೂ ಇಲ್ಲ. ಈ ಜನ್ಮದಲ್ಲಿ ನನ್ನ ಹೆಸರಿನಲ್ಲಿ ಒಂದು ಕಾರೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ನೇತಾಡಿದ ಮನುಷ್ಯ. ಕೆಲಸ ಮಾತ್ರ ಕಾರಿನದೇ. ಅಪಘಾತವಾದ ಗಾಡಿಗಳನ್ನು ನೋಡಿ, ನಿಜವಾಗಿ ಮುರಿದದ್ದೆಷ್ಟು, ಮಾಲೀಕರ ಬಾಯಲ್ಲಿ ಮುರಿದದ್ದೆಷ್ಟು ಎಂದು ವಿಮೆಯವರಿಗೆ ಬರೆದುಕೊಡುವ ಸರ್ವೇಯರ್ ನಾನು. ಮೈಸೂರಿನಿಂದ ಬರುವಾಗ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ ಇತ್ತು, ತಲೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎನ್ನುವ ಅಪ್ಪನ ಮಾತಿತ್ತು. ಬಟ್ಟೆ ಹರಿದುಹೋಯಿತು, ಮಾತು ಉಳಿಯಿತು. ಬರೆದ ರಿಪೋರ್ಟಿನ ಒಂದಕ್ಷರವನ್ನೂ ಯಾರ ಮುಲಾಜಿಗೂ ತಿದ್ದಿದವನಲ್ಲ ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದೆ. ನಿವೃತ್ತನಾದರೂ ಸಹಿಗೆ ಇನ್ನೂ ಬೆಲೆಯಿದೆ. ಕಾರ್ತಿಕ್ ಬಂದದ್ದೂ ಆ ಸಹಿಗಾಗಿಯೇ.

ಬೊರಿವಲಿಯ ಅವನ ಸ್ನೇಹಿತ, ಒಬ್ಬ ಬಿಲ್ಡರ್, ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಾನೆ. ಅದರ ಇಂಜಿನ್ ಕಿತ್ತು ಬ್ಯಾಟರಿ, ಮೋಟಾರು ಕೂರಿಸುತ್ತಾನಂತೆ. ಆದರೆ ಹಳೆಯ ಕಾರುಗಳ ಕ್ಲಬ್ಬಿನಲ್ಲಿ ಒಂದು ನಿಯಮವಿದೆ. ಇಂಜಿನ್ ರಿಪೇರಿಗೆ ಮೀರಿದೆ ಎಂದು ಸರ್ವೇಯರ್ ಬರೆದುಕೊಟ್ಟರೆ ಮಾತ್ರ ಅದನ್ನು ತೆಗೆದ ಮೇಲೂ ಕಾರಿಗೆ ಕ್ಲಬ್ಬಿನಲ್ಲಿ ಜಾಗ. ಟೆನ್ಶನ್ ತಗೋಬೇಡಿ ಮಾಮಾ, ಬರೀ ಒಂದು ಸಿಗ್ನೇಚರ್ ಎಂದ ಕಾರ್ತಿಕ್. ಯಾವ ಕಾರು ಎಂದು ಕೇಳಿದೆ. ಕೆಂಪು ಬಣ್ಣ, ದಾದರಿನ ಒಬ್ಬ ಕಣ್ಣಿನ ಡಾಕ್ಟರದಾಗಿತ್ತು ಎಂದ. ಆ ಕಾರು ನನಗೆ ಗೊತ್ತಿದ್ದದ್ದೇ. ಬೊರಿವಲಿಗೆ ಹೊರಡು ಎಂದೆ, ಕಾರ್ತಿಕ್ ಗಾಡಿಯನ್ನು ಸಯನ್ ಕಡೆ ತಿರುಗಿಸಿದ.

ಆ ಕಾರನ್ನು ಹದಿನಾರು ವರ್ಷ ಸಾಕಿದವರು ವಾಸಣ್ಣ. ಉಡುಪಿ ಕಡೆಯವರು. ಮಾಟುಂಗದಲ್ಲಿ ಮಾವನ ಹೋಟೆಲಿಗೆಂದು ಬಂದವರು, ರುಬ್ಬುವ ಯಂತ್ರದ ಮುಂದೆ ಆರು ವರ್ಷ ನಿಂತರು. ಹಿಟ್ಟು ಹದಕ್ಕೆ ಬಂತೇ ಎಂದು ಉಳಿದವರು ಬೆರಳು ಅದ್ದಿ ನೋಡಿದರೆ ಇವರು ಬೆನ್ನು ತಿರುಗಿಸಿ ನಿಂತು ಸದ್ದಿನಲ್ಲೇ ಹೇಳುತ್ತಿದ್ದರಂತೆ. ಆ ಕಿವಿಗೆ ಹಿಟ್ಟು ಸಾಕಾಗಲಿಲ್ಲ. ಮೊದಲು ಯಂತ್ರಗಳ ರಿಪೇರಿ, ಆಮೇಲೆ ಟೆಂಪೋ, ಆಮೇಲೆ ಆಂಟಾಪ್ ಹಿಲ್‌ನ ಕ್ವಾರ್ಟರ್ಸುಗಳ ಹಿಂದೆ ತಗಡಿನ ಒಂದು ಗ್ಯಾರೇಜು. ಊರಿನ ದೊಡ್ಡ ದೊಡ್ಡ ಶೋಕಿವಾಲರ ಕಾರುಗಳು ಕೊನೆಗೆ ಆ ತಗಡಿನ ಕೆಳಗೆ ಬಂದು ನಿಲ್ಲುತ್ತಿದ್ದವು.

ಡಾಕ್ಟರ ಕೆಂಪು ಕಾರಿಗೆ ಆರು ಕಾರ್ಬ್ಯುರೇಟರು, ಒಂದೊಂದಕ್ಕೆ ಎರಡೆರಡು ಬಾಯಿ. ಹನ್ನೆರಡು ಬಾಯಿಗಳೂ ಒಂದೇ ಸಮ ಉಸಿರೆಳೆಯಬೇಕು. ಒಂದು ಹೆಚ್ಚೆಳೆದರೆ ಇನ್ನೊಂದು ಕೆಮ್ಮುತ್ತದೆ. ವಾಸಣ್ಣ ಎರಡಡಿಯ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಒಂದೊಂದೇ ಬಾಯಿಗೆ ಹಿಡಿದು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಬೀದಿಯ ಗಲಾಟೆ ಶುರುವಾಗುವ ಮೊದಲು, ಭಾನುವಾರ ಬೆಳಿಗ್ಗೆ ಆರಕ್ಕೇ ಈ ಕೆಲಸ. ಇಂಜಿನ್ ಚಾಲೂ ಆದ ಮೇಲೆ ಬಿಸಿ ತೋರಿಸುವ ಮುಳ್ಳು ನಡುವಿಗೆ ಬರುವ ತನಕ ಅಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಡಾಕ್ಟರು, ಚಹಾದವನು, ನಾನು, ಎಲ್ಲರೂ ಮಂಗಳಾರತಿಗೆ ನಿಂತವರ ಹಾಗೆ ನಿಂತಿರುತ್ತಿದ್ದೆವು. ಮಾತಿನ ಮಲ್ಲನಾದ ನಾನು ಜೀವನದಲ್ಲಿ ಹತ್ತು ನಿಮಿಷ ಒಟ್ಟಿಗೆ ಸುಮ್ಮನಿದ್ದದ್ದು ಅಲ್ಲಿ ಮಾತ್ರ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಆ ಕಾರೇನು ಚಿನ್ನದ ಗಿಣಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಏಸಿ ಇಲ್ಲ. ಮೇ ತಿಂಗಳಲ್ಲಿ ಸಯನ್ ಸರ್ಕಲ್ಲಿನಲ್ಲಿ ನಿಂತರೆ ಕಾರಿಗಿಂತ ಮೊದಲು ಡಾಕ್ಟರು ಕುದಿಯುತ್ತಿದ್ದರು. ಬ್ರೇಕು ಭಗವಂತನ ಮೇಲೆ ಭಾರ. ಪೆಟ್ರೋಲು ವಾಸನೆ ಅಂಗಿಯಿಂದ ಎರಡು ದಿನ ಹೋಗುತ್ತಿರಲಿಲ್ಲ. ಕಾರ್ತಿಕನ ಕಾರು ಅದಕ್ಕಿಂತ ವೇಗವಾಗಿ ಹೋಗಬಲ್ಲದು, ಅರ್ಧ ದೂರದಲ್ಲಿ ನಿಲ್ಲಬಲ್ಲದು. ಹೋಗಲಿ ಪಾಪ. ಆದರೆ ಬಾನೆಟ್ ತೆಗೆದರೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗೇನಿದೆ ಎಂದು ಕೇಳಿದರೆ ಕೊಂಡವನಿಗೇ ಗೊತ್ತಿಲ್ಲ. ಕೆಟ್ಟರೆ ಇಡೀ ಡಬ್ಬಿಯೇ ಬದಲು. ರಿಪೇರಿ ಎನ್ನುವ ಮಾತೇ ಅದರ ಪುಸ್ತಕದಲ್ಲಿಲ್ಲ. ಅಷ್ಟೆಲ್ಲ ವೇಗವನ್ನು ಕೊಂಡು ಬೊರಿವಲಿಯ ದಾರಿಯಲ್ಲಿ ರಿಕ್ಷಾದ ಹಿಂದೆ ತೆವಳುತ್ತಾ, ಸ್ಪೀಕರಿನಲ್ಲಿ ರೇಸ್ ಸದ್ದು ಕೇಳಿಕೊಂಡು ಹೋಗುತ್ತಾರಲ್ಲ, ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇಷ್ಟು ಬೈದವನು ಇನ್ನು ಮಾಡಿದ್ದನ್ನು ಹೇಳಲೇಬೇಕು. ಕಾರ್ಬ್ಯುರೇಟರಿನ ಒಳಗೆ ಸವೆಯುವ ಸಣ್ಣ ಬಳೆಗಳಿರುತ್ತವೆ, ಬುಶ್ ಎನ್ನುತ್ತಾರೆ. ಡಾಕ್ಟರ ಕಾರಿನವು ಸವೆದು ಗಾಳಿ ಸೋರತೊಡಗಿತು. ಇಟಲಿಯಿಂದ ತರಿಸುತ್ತೇವೆಂದವರೆಲ್ಲ ಕೈಯೆತ್ತಿದರು. ಎರಡು ವರ್ಷ ಕಾರು ನಿಂತಿತು. ಒಂದು ಭಾನುವಾರ ನೋಡಿದರೆ ಓಡುತ್ತಿದೆ. ಚಹಾ ಕುಡಿಯುವಾಗ ವಾಸಣ್ಣ ನನ್ನ ಪಕ್ಕಕ್ಕೆ ಸರಿದು, ಮಾವನ ಹೋಟೆಲಿನ ಹಳೆಯ ಕಾಫಿ ಬಾಯ್ಲರಿನ ನಲ್ಲಿಗಳನ್ನು ಲೇತಿನಲ್ಲಿ ಕಡೆದು ಬುಶ್ ಮಾಡಿದೆ ಎಂದು ಹೇಳಿದರು. ನಲವತ್ತು ವರ್ಷ ಕುದಿಯುವ ನೀರು ಕುಡಿದ ಹಿತ್ತಾಳೆ, ಅಂಥದ್ದು ಈಗ ಸಿಗುವುದಿಲ್ಲ ಎಂದರು. ಕಣ್ಣಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು.

"ನಿಮಗೊಬ್ಬರಿಗೆ ಹೇಳುದು ಮಾರಾಯ್ರೆ. ಡಾಕ್ಟರಿಗೂ ಗೊತ್ತಿಲ್ಲ."

ಮುಂದಿನ ಚಳಿಗಾಲದಲ್ಲಿ ಹಳೆಯ ಕಾರುಗಳ ಪ್ರದರ್ಶನ. ತೀರ್ಪುಗಾರರಲ್ಲಿ ನಾನೂ ಒಬ್ಬ. ಎದೆಗೆ ಬಿಲ್ಲೆ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರ್ಮು. ಮೊಸರಿನಲ್ಲಿ ಕಲ್ಲು ಹುಡುಕುವ ಕೆಲಸ, ನನಗೋ ಅದು ಹಬ್ಬ. ಫಾರ್ಮಿನಲ್ಲಿ ಮೂಲ ಬಿಡಿಭಾಗಗಳಿವೆಯೇ ಎಂಬ ಕಲಮು ಬಂತು. ಆ ಬುಶ್‌ಗಳು ಹೊರಗಿನಿಂದ ಯಾರ ಕಣ್ಣಿಗೂ ಕಾಣುವಂಥವಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆಯದಿದ್ದರೆ ಸುಳ್ಳಾಗುತ್ತದೆ ಎಂದುಕೊಂಡೆ. ಹನ್ನೆರಡು ಅಂಕ ಕಳೆದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಷರಾದಲ್ಲಿ ಹೋಟೆಲ್ ಬಾಯ್ಲರಿನ ಹಿತ್ತಾಳೆ ಎಂದು ನೀಟಾಗಿ ಬರೆದೆ. ಮೈಕಿನವನ ಕೈಗೆ ಅದು ಸಿಕ್ಕಿತು. ಈ ಕಾರು ಫಿಲ್ಟರ್ ಕಾಫಿಯನ್ನೂ ಕೊಡುತ್ತದೆ ಎಂದು ಕೂಗಿ ಹೇಳಿದ. ಮೈದಾನವೆಲ್ಲ ನಕ್ಕಿತು. ಡಾಕ್ಟರು ಮುಖ ಕೆಂಪಾಗಿ ವಾಸಣ್ಣನ ಕಡೆ ತಿರುಗಿದರು. ವಾಸಣ್ಣ ನನ್ನ ಕಡೆ ನೋಡಿದರು.

ಮರುವಾರವೇ ಕಾರು ದೊಡ್ಡ ವರ್ಕ್‌ಶಾಪೊಂದಕ್ಕೆ ಹೋಯಿತು. ಅಲ್ಲಿಯವರು ಹಿತ್ತಾಳೆಯನ್ನೆಲ್ಲ ಕಿತ್ತೆಸೆದು, ಎಲ್ಲಿಂದಲೋ ಅಸಲಿ ಸಾಮಾನು ತರಿಸಿ ಹಾಕಿದರು. ಆದರೆ ಹನ್ನೆರಡು ಬಾಯಿಗಳನ್ನು ಒಂದು ಮಾಡುವವರು ಯಾರು? ಅವರಿಗೆ ಗೊತ್ತಿದ್ದದ್ದು ಕಂಪ್ಯೂಟರ್ ಚುಚ್ಚುವುದು, ಆ ಕಾರಿನಲ್ಲಿ ಚುಚ್ಚಲು ಜಾಗವೇ ಇಲ್ಲ. ಮುಂದಿನ ವರ್ಷ ಕಾರು ಲಾರಿಯ ಮೇಲೆ ಬಂತು. ನಾಲ್ಕು ಜನ ಹುಲ್ಲಿನ ಮೇಲೆ ತಳ್ಳಿ ನಿಲ್ಲಿಸಿದರು. ಮೊದಲ ಬಹುಮಾನ ಬಂತು. ನನ್ನ ಫಾರ್ಮಿನಲ್ಲೂ ಅದಕ್ಕೆ ಪೂರ್ತಿ ಅಂಕವಿತ್ತು. ಅಂದು ಗೇಟಿನ ಬಳಿ ಸಿಕ್ಕಿದ ವಾಸಣ್ಣ ದನಿ ಏರಿಸದೆ ಒಂದೇ ಮಾತು ಹೇಳಿದರು.

"ಅಂಕ ತೆಗೆದದ್ದಕ್ಕೆ ಬೇಜಾರಿಲ್ಲ ಸಾರ್. ಎರಡು ವರ್ಷವೂ ಇಂಜಿನ್ ಒಮ್ಮೆ ಚಾಲೂ ಮಾಡಿ ಅಂತ ನೀವು ಯಾರೂ ಹೇಳ್ಲಿಲ್ಲ."

ಆಮೇಲೆ ಹನ್ನೊಂದು ವರ್ಷ ನಾವು ಮಾತಾಡಲಿಲ್ಲ. ಡಾಕ್ಟರು ತೀರಿಕೊಂಡರು. ತಗಡಿನ ಗ್ಯಾರೇಜಿದ್ದಲ್ಲಿ ಬಿಲ್ಡಿಂಗ್ ಎದ್ದಿತು.

ಆ ಭಾನುವಾರ ಬೊರಿವಲಿಯಲ್ಲಿ, ಬಿಲ್ಡರನ ಟವರಿನ ಕೆಳಗೆ, ಗಾಜಿನ ಕೋಣೆಯಲ್ಲಿ, ಕಾರು ಮದುವೆಮನೆಯ ಹಣ್ಣಿನ ತಟ್ಟೆಯಂತೆ ಹೊಳೆಯುತ್ತಿತ್ತು. ಬಿಲ್ಡರ್ ಒಳ್ಳೆಯ ಹುಡುಗನೇ, ತಣ್ಣಗೆ ಜ್ಯೂಸು ಕೊಟ್ಟ. ಟೈಪು ಮಾಡಿದ ಕಾಗದವನ್ನೂ ಜೊತೆಗಿಟ್ಟ. ನಾನು ಅಂಗಿಯ ತೋಳು ಮಡಚಿ, ಬೋಲ್ಟು ತಿರುಗಿಸುವ ಪಾನಾ ಕೇಳಿ ತೆಗೆದುಕೊಂಡು ಇಂಜಿನ್ನಿನ ಮುಂದಿನ ಚಕ್ರಕ್ಕೆ ಹಾಕಿ ತಿರುಗಿಸಿದೆ. ಸಲೀಸಾಗಿ ತಿರುಗಿತು. ಅದು ಸತ್ತ ಇಂಜಿನ್ ಅಲ್ಲವೇ ಅಲ್ಲ. ಈ ಕಾಗದಕ್ಕೆ ಸಹಿ ಹಾಕುವ ಕೈ ನನ್ನದಲ್ಲ ಎಂದು ಕೂಗಾಡಿದೆ. ಬ್ಯಾಟರಿ ಹಾಕಿ, ಮೇಲೊಂದು ಸ್ಪೀಕರು ಇಟ್ಟು ಇದೇ ಇಂಜಿನ್ನಿನ ಸದ್ದು ಕೇಳಿಸುತ್ತೀರಾ ಎಂದು ಕೇಳಿದೆ. ಹೌದು ಅಂಕಲ್, ಅದೇ ಪ್ಲಾನ್ ಎಂದ ಪುಣ್ಯಾತ್ಮ, ಸಂತೋಷದಿಂದ. ಕಾರ್ತಿಕನ ಮುಖ ಸಣ್ಣದಾಯಿತು. ಅವನ ಕಾರು ಹತ್ತದೆ ಲೋಕಲ್ ಹಿಡಿದು ದಾದರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮನೆ ಸೇರಿದೆ.

ಮನೆಯಲ್ಲಿ ಕೂತರೂ ಸಿಟ್ಟು ಇಳಿಯಲಿಲ್ಲ. ಬಿಲ್ಡರನನ್ನು ಬೈದು, ಕಾರ್ತಿಕನನ್ನು ಬೈದು, ಸ್ಪೀಕರು ಮಾಡಿದವನನ್ನು ಬೈದು ಮುಗಿಸಿದ ಮೇಲೂ ಅರ್ಧ ಸಿಟ್ಟು ಉಳಿದಿತ್ತು. ಆ ಕಾರು ಓಡುವಂತೆ ಇಟ್ಟಿದ್ದವರ ಕೈಯಿಂದ ಅದನ್ನು ತಪ್ಪಿಸಿ ಗಾಜಿನ ಕೋಣೆಯ ದಾರಿಗೆ ಹಚ್ಚಿದವನು ನಾನು. ಮಾಡಿದ್ದುಣ್ಣೋ ಮಹರಾಯ. ಮರುದಿನ ಬೆಳಿಗ್ಗೆ ವಾಸಣ್ಣನನ್ನು ಹುಡುಕಿಕೊಂಡು ಆಂಟಾಪ್ ಹಿಲ್‌ಗೆ ಹೋದೆ.

ಅವರ ತಮ್ಮನ ಮಗ ಹೋಟೆಲಿನವರ ರುಬ್ಬುವ ಯಂತ್ರಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ವಾಸಣ್ಣ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಎಪ್ಪತ್ತೆಂಟು ದಾಟಿದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅಂದು ನಾನು ಮಾಡಿದ್ದು ತಪ್ಪು, ನಂಬಿ ಹೇಳಿದ ಮಾತನ್ನು ಫಾರ್ಮಿಗೆ ಹಾಕಬಾರದಿತ್ತು ಎಂದೂ ಹೇಳಿದೆ. ಅವರು ಪರವಾಗಿಲ್ಲ ಎನ್ನಲಿಲ್ಲ. ಸಹಿ ಹಾಕದೆ ಬಂದೆ ಎಂದು ಸ್ವಲ್ಪ ಎದೆಯುಬ್ಬಿಸಿ ಹೇಳಿದಾಗ ಮಾತ್ರ ತಲೆ ಎತ್ತಿದರು.

"ಎಂತ ದೊಡ್ಡ ಕೆಲಸ ಮಾಡಿದ್ದು ನೀವು? ನೀವಲ್ಲದಿದ್ರೆ ಇನ್ನೊಬ್ಬ ಬರೀತಾನೆ. ಇಂಜಿನ್ ಭಂಗಾರಿಗೆ ಹೋಗ್ತದೆ, ಗುಜರಿಗೆ. ಹೋಗಿ ಬರೆದು ಕೊಡಿ, ಫೀಸಿನ ಬದಲು ಆ ಇಂಜಿನ್ ಕೇಳಿ."

ಚೆನ್ನಾಗಿರುವ ಇಂಜಿನ್ನನ್ನು ಕೆಟ್ಟಿದೆ ಎಂದು ಬರೆಯುವುದು ಹೇಗೆ, ಅದು ಸುಳ್ಳಲ್ಲವೆ ಎಂದು ನನ್ನ ಬಾಯಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಸತ್ಯ ಬರೆದು ನಾನು ಅವರಿಗೆ ಮಾಡಿದ ಉಪಕಾರ ಇಬ್ಬರಿಗೂ ಗೊತ್ತಿತ್ತಲ್ಲ.

ಹೋದೆ. ಇಂಜಿನ್ ರಿಪೇರಿಗೆ ಮೀರಿದೆ ಎನ್ನುವ ಸಾಲಿನ ಕೆಳಗೆ ಸಹಿ ಹಾಕಿದೆ. ಬರೆಯುವಾಗ ಅಪ್ಪನ ನೆನಪಾಯಿತು, ಕೈ ನಿಲ್ಲಲಿಲ್ಲ. ಇಂಜಿನ್ ಬೇಕು ಎಂದಾಗ ಬಿಲ್ಡರ್ ನಕ್ಕು, ತಗೊಂಡು ಹೋಗಿ ಅಂಕಲ್, ಜಾಗ ಖಾಲಿಯಾಗುತ್ತದೆ ಎಂದ. ಹದಿನೈದು ದಿನ ಬಿಟ್ಟು ಟೆಂಪೋ ಮಾಡಿ, ಡ್ರೈವರಿನ ಪಕ್ಕದಲ್ಲಿ ನಾನೇ ಕೂತು, ಅದನ್ನು ಆಂಟಾಪ್ ಹಿಲ್‌ಗೆ ತಂದೆ.

ಸರಪಳಿ ಹಾಕಿ ಇಳಿಸಿ ಅಂಗಡಿಯೊಳಗೆ ಕೂರಿಸಿದರು. ವಾಸಣ್ಣ ಸುತ್ತ ಒಂದು ಸಲ ಬಂದು, ಕಾರ್ಬ್ಯುರೇಟರುಗಳ ಮೇಲೆ ಕೈಯಾಡಿಸಿದರು. ಇದಕ್ಕೆ ಮತ್ತೆ ಏನು ಹಾಕುತ್ತೀರಿ ವಾಸಣ್ಣ, ಎಂದು ಕೇಳುತ್ತಾ ನಾನೂ ಒಳಗೆ ಬಗ್ಗಿದೆ. ಅವರು ನನ್ನ ಭುಜ ಹಿಡಿದು ಮೆತ್ತಗೆ ಹೊರಗಿನ ಮೆಟ್ಟಿಲಿನವರೆಗೆ ಕರೆತಂದರು.

"ಓಡಿದ ದಿನ ಹೇಳಿ ಕಳಿಸ್ತೇನೆ, ಬನ್ನಿ. ಎಂತ ಹಾಕ್ತೇನೆ ಅಂತ ಮಾತ್ರ ನಿಮಗೆ ಹೇಳುದಿಲ್ಲ."

ಷಟರನ್ನು ಅರ್ಧಕ್ಕೆ ಎಳೆದುಕೊಂಡರು. ಅಷ್ಟು ಸಿಟ್ಟು ಅವರಿಗಿರಬೇಕಾದದ್ದೇ. ನಾನು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಸುತ್ತಿಗೆಯ ಮೊದಲ ಸದ್ದು ಕೇಳಿದ ಮೇಲೆ ಮನೆಯ ಕಡೆ ಹೊರಟೆ.